ತಡೆಯೆಂಬ ರಸ: ಪ್ರೇಮಕಾದಂಬರಿಯ ಹೊಸ ಓದುಗರಿಗೊಂದು ಕೈಪಿಡಿ

ಕನ್ನಡದಲ್ಲಿ ದೀರ್ಘ ಗದ್ಯಕಥನಕ್ಕೆ ‘ಕಾದಂಬರಿ’ ಎಂಬ ಹೆಸರು ಬಂದಿರುವುದೇ ಒಂದು ಪ್ರೇಮಕಥೆಯ ನಾಯಕಿಯಿಂದ. ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಾವ್ಯದ ಆ ಗಂಧರ್ವಕನ್ಯೆಯ ಕಥೆಯನ್ನು ಒಂದನೆಯ ನಾಗವರ್ಮನು ‘ಕರ್ಣಾಟಕ ಕಾದಂಬರಿ’ ಎಂಬ ಹೆಸರಿನಲ್ಲಿ ಚಂಪುವಾಗಿ, ಅಂದರೆ ಗದ್ಯಪದ್ಯಗಳು ಬೆರೆತ ಕಾವ್ಯವಾಗಿ, ಕನ್ನಡಕ್ಕೆ ತಂದನು. ಮುಂದೆ ಅವಳ ಹೆಸರೇ ಇಡೀ ಪ್ರಕಾರದ ಹೆಸರಾಗಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನೆಲೆನಿಂತಿತು. ಹೀಗಿದ್ದರೂ ನಾಗವರ್ಮನನ್ನು ತರಗತಿಯಲ್ಲಿ ಭಕ್ತಿಯಿಂದ ಪಾಠ ಹೇಳುವ ವಿದ್ವಾಂಸರೇ, ಕಳೆದ ಶತಮಾನದ ಲೇಖಕಿಯರು ಬರೆದ ಪ್ರೇಮಕಾದಂಬರಿಗಳ ಮಾತು ಬಂದೊಡನೆ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿಯುತ್ತಾರೆ. ಅವರನ್ನು ಒಲಿಸಿಕೊಳ್ಳುವುದು ಈ ಕೈಪಿಡಿಯ ಉದ್ದೇಶವಲ್ಲ. ಅವರಿಗಿಂತ ಹೆಚ್ಚಿನ ಹಾನಿ ಮಾಡಿರುವವರು ಈ ಪ್ರಕಾರವನ್ನು ತುಂಬ ಪ್ರೀತಿಸುತ್ತೇವೆಂದು ಹೇಳಿಕೊಳ್ಳುವ ಓದುಗರು: ಪುಸ್ತಕ ಕೈಗೆ ಬಂದೊಡನೆ ಕೊನೆಯ ಪುಟ ತೆರೆದು ಮದುವೆಯಾಯಿತೋ ಇಲ್ಲವೋ ಎಂದು ಖಾತ್ರಿಪಡಿಸಿಕೊಳ್ಳುವವರು, ಸಿನಿಮಾ ನೋಡಿದ ಮೇಲೆ ಕಾದಂಬರಿ ಓದುವ ಅಗತ್ಯವೇನೆಂದು ಕೇಳುವವರು, ಎಷ್ಟು ಕಡೆ ಕಣ್ಣೀರು ಬಂತೆಂಬುದರ ಮೇಲೆ ಕೃತಿಯ ಬೆಲೆ ಕಟ್ಟುವವರು. ಇಂಥವರ ಸಹವಾಸದಿಂದ ಇನ್ನೂ ಕೆಡದಿರುವ ಹೊಸ ಓದುಗರಿಗಾಗಿ ಮುಂದಿನ ಮಾತುಗಳು.

ಭಾರತೀಯ ಕಾವ್ಯಮೀಮಾಂಸೆಯು ಶೃಂಗಾರವನ್ನು ಸಂಭೋಗ, ವಿಪ್ರಲಂಭ ಎಂದು ಎರಡಾಗಿ ವಿಂಗಡಿಸುತ್ತದೆ. ಪ್ರೇಮಿಗಳು ಕೂಡಿರುವಾಗಿನದು ಮೊದಲನೆಯದು, ಅಗಲಿರುವಾಗಿನ ಅಥವಾ ಇನ್ನೂ ಕೂಡದಿರುವಾಗಿನದು ಎರಡನೆಯದು. ‘ಸಾಹಿತ್ಯದರ್ಪಣ’ವನ್ನು ಬರೆದ ವಿಶ್ವನಾಥನು ವಿಪ್ರಲಂಭದಲ್ಲಿ ನಾಲ್ಕು ಬಗೆಗಳನ್ನು ಎಣಿಸುತ್ತಾನೆ: ಕೂಡುವ ಮುನ್ನವೇ ಹುಟ್ಟುವ ತಹತಹ ಪೂರ್ವರಾಗ, ಮುನಿಸು ಮಾನ, ಒಬ್ಬರು ದೂರದೇಶಕ್ಕೆ ಹೋಗುವುದು ಪ್ರವಾಸ, ಒಬ್ಬರು ಅಳಿದರೂ ಮತ್ತೆ ಕೂಡುವ ಆಸೆ ಉಳಿದಿರುವುದು ಕರುಣ. ಕನ್ನಡದ ಲೇಖಕಿಯರು ಈ ನಾಲ್ಕನ್ನೂ ಬಳಸಿಕೊಂಡು, ಲಾಕ್ಷಣಿಕರ ಪಟ್ಟಿಯಲ್ಲಿಲ್ಲದ ಐದನೆಯದೊಂದನ್ನು ತಾವಾಗಿ ಕಟ್ಟಿದರು. ಅದಕ್ಕೆ ಇಲ್ಲಿ ‘ತಡೆ’ ಎಂದು ಹೆಸರಿಡಲಾಗಿದೆ. ತಡೆಯೆಂದರೆ ಖಳನಾಯಕನ ಸಂಚಲ್ಲ, ಅಪಘಾತವಲ್ಲ, ಜಾತಕದ ದೋಷವೂ ಅಲ್ಲ. ಆಡಬೇಕಾದ ಮಾತು ನಾಲಗೆಯ ತುದಿಗೆ ಬಂದ ಗಳಿಗೆಯಲ್ಲಿ ಮನೆಯ ಯಾವುದೋ ಸಣ್ಣ ಕೆಲಸ ಅಡ್ಡ ಬರುವುದು, ಆ ಮಾತು ಅಲ್ಲಿಗೇ ನಿಂತು ಬೇರೆ ರೂಪದಲ್ಲಿ, ಬೇರೆ ಹೊತ್ತಿನಲ್ಲಿ, ಕೆಲವೊಮ್ಮೆ ಬೇರೆಯವರ ಬಾಯಲ್ಲಿ ಹೊರಬರುವುದು. ಪ್ರೇಮಕಾದಂಬರಿಯ ರಸವೆಲ್ಲ ಇರುವುದು ಇಲ್ಲಿ. ಉಳಿದದ್ದು ಬರಿಯ ಕಥೆ.

ಇದನ್ನು ಸ್ಪಷ್ಟಪಡಿಸುವುದಕ್ಕಾಗಿ, ಯಾವ ಕೃತಿಯಿಂದಲೂ ಎತ್ತಿಕೊಳ್ಳದೆ, ಈ ಪ್ರಕಾರದಲ್ಲಿ ನೂರಾರು ಬಾರಿ ಬಂದಿರಬಹುದಾದ ಸನ್ನಿವೇಶವೊಂದನ್ನು ಕಲ್ಪಿಸಿಕೊಳ್ಳಬಹುದು. ಗೆಳೆಯನನ್ನು ಕಾಣಲು ಬಂದ ತರುಣನೊಬ್ಬ ನಡುಮನೆಯ ಕುರ್ಚಿಯಲ್ಲಿ ಕುಳಿತಿದ್ದಾನೆ; ಗೆಳೆಯ ಅಂಗಿ ಬದಲಿಸಲು ಒಳಗೆ ಹೋಗಿದ್ದಾನೆ; ಗೆಳೆಯನ ತಂಗಿ ಲೋಟ ಬಟ್ಟಲಿನಲ್ಲಿ ಕಾಫಿ ತಂದು ಹೊಸ್ತಿಲ ಮೇಲೆ ಒಂದು ಕ್ಷಣ ನಿಂತಿದ್ದಾಳೆ. ಅಗ್ಗದ ಬರಹಗಾರನಾದರೆ ಇಲ್ಲಿ ಬೆರಳಿಗೆ ಬೆರಳು ತಾಗಿಸಿ ಮೈಯಲ್ಲಿ ಮಿಂಚು ಹರಿಸುತ್ತಾನೆ, ಓದುಗನೂ ತೃಪ್ತನಾಗಿ ಪುಟ ಮಗುಚುತ್ತಾನೆ. ಬಲ್ಲವಳಾದ ಲೇಖಕಿ ಲೋಟವನ್ನು ಅವನ ಕೈಗೆ ಕೊಡಿಸುವುದೇ ಇಲ್ಲ. ಪಕ್ಕದ ಸ್ಟೂಲಿನ ಮೇಲೆ ಇಡಿಸುತ್ತಾಳೆ. ಹುಡುಗಿ “ಸಕ್ಕರೆ ಸಾಕೇ?” ಎಂದು ಕೇಳುತ್ತಾಳೆ, ಅವನು ಒಂದು ಗುಟುಕು ಕುಡಿದು “ಸಾಕು” ಎನ್ನುತ್ತಾನೆ, ಮುಂದೇನೋ ಹೇಳಲು ತಲೆಯೆತ್ತುವಷ್ಟರಲ್ಲಿ ಒಳಗಿನಿಂದ “ಹಾಲು ಉಕ್ತಿದೆ ನೋಡೇ” ಎಂಬ ತಾಯಿಯ ಕೂಗು ಬರುತ್ತದೆ, ಹುಡುಗಿ ಓಡುತ್ತಾಳೆ. ಅವನು ಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಕಾಫಿಯನ್ನು ತಾನು ಬಗ್ಗಿಸಿಕೊಂಡು ಕುಡಿದಾಗಲೇ, ಅದಕ್ಕೆ ಸಕ್ಕರೆಯನ್ನೇ ಹಾಕಿರಲಿಲ್ಲವೆಂಬುದು ಅವಳಿಗೆ ತಿಳಿಯುವುದು.

ಇಲ್ಲಿ ಪ್ರೇಮವೆಂಬ ಪದವಿಲ್ಲ, ನಿಟ್ಟುಸಿರಿಲ್ಲ. ಒಳಗಿನ ಭಾವವನ್ನು ಹೊರಗೆ ಕಾಣಿಸುವ ಚಿಹ್ನೆಗೆ ಶಾಸ್ತ್ರದಲ್ಲಿ ಅನುಭಾವವೆಂದು ಹೆಸರು. ಹಳೆಯ ಕಾವ್ಯಗಳಲ್ಲಿ ಬೆವರು, ರೋಮಾಂಚ, ಕಂಪನಗಳು ಅನುಭಾವಗಳಾಗಿದ್ದವು, ಇಲ್ಲಿ ಸಪ್ಪೆ ಕಾಫಿಯೊಂದು ಆ ಕೆಲಸವನ್ನು ಅವೆಲ್ಲಕ್ಕಿಂತ ಚೊಕ್ಕವಾಗಿ ಮಾಡಿದೆ. ಗಮನಿಸಬೇಕಾದ ಅಂಶವೆಂದರೆ, ಹಾಲು ಉಕ್ಕದಿದ್ದರೆ ಈ ಅರ್ಥವೇ ಹುಟ್ಟುತ್ತಿರಲಿಲ್ಲ. ಹುಡುಗಿ ಅಲ್ಲಿಯೇ ನಿಂತಿದ್ದರೆ ಅವನು ಏನಾದರೊಂದು ಹೇಳಿಬಿಡುತ್ತಿದ್ದ, ಹೇಳಿದ್ದು ಬಹುಶಃ ಪೆದ್ದು ಮಾತೇ ಆಗಿರುತ್ತಿತ್ತು. ಆದುದರಿಂದ ಹೊಸ ಓದುಗರು ಮಾಡಬೇಕಾದ ಮೊದಲ ಅಭ್ಯಾಸವೆಂದರೆ, ಪ್ರೇಮಿಗಳಿಬ್ಬರು ಎದುರಾದಾಗಲೆಲ್ಲ ಅವರನ್ನು ಬಿಟ್ಟು ಸುತ್ತಲಿನ ಮನೆಯನ್ನು ನೋಡುವುದು: ಯಾವ ಬಾಗಿಲು ತೆರೆದಿದೆ, ಒಲೆಯ ಮೇಲೆ ಏನಿದೆ, ಹಜಾರದಲ್ಲಿ ಕೆಮ್ಮಿದವರು ಯಾರು, ಹುಡುಗಿಯ ಕೈ ಖಾಲಿಯಿದೆಯೇ ಅಥವಾ ಅದರಲ್ಲಿ ಏನಾದರೂ ಇದೆಯೇ.

ಈ ತಡೆ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಲೇಖಕಿಯರ ದಿನಚರಿಯಲ್ಲಿಯೇ ಇದೆಯೆಂದು ಊಹಿಸಲು ಬಲವಾದ ಕಾರಣಗಳಿವೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದದ್ದು 1963ರಲ್ಲಿ, ಅಂದರೆ ಸಂಸಾರದ ಮುಕ್ಕಾಲು ಪಾಲು ಕೆಲಸ ಮುಗಿದ ವಯಸ್ಸಿನಲ್ಲಿ. ಅನುಪಮಾ ನಿರಂಜನ ಅವರು ವೃತ್ತಿಯಿಂದ ವೈದ್ಯೆಯಾಗಿದ್ದರು. ಬರೆಯುವುದಕ್ಕೆಂದೇ ಒಂದು ಕೋಣೆ, ಬಾಗಿಲು ಮುಚ್ಚಿಕೊಳ್ಳುವ ಅಧಿಕಾರ, ಊಟಕ್ಕೆ ಕರೆಯುವವರೆಗೆ ಏಳದಿರುವ ಸವಲತ್ತು, ಇವು ಆ ತಲೆಮಾರಿನ ಗಂಡಸು ಲೇಖಕರಿಗೆ ಇದ್ದಷ್ಟು ಹೆಂಗಸರಿಗೆ ಇರಲಿಲ್ಲ. ಬೆಳಗಿನ ಅಡುಗೆ ಮುಗಿದು ಮಕ್ಕಳು ಶಾಲೆಯಿಂದ ಮರಳುವವರೆಗಿನ ಹೊತ್ತು, ಇಲ್ಲವೇ ಎಲ್ಲರೂ ಮಲಗಿದ ಮೇಲಿನ ಹೊತ್ತು ಮಾತ್ರ ಬರವಣಿಗೆಯದು. ಆ ಹೊತ್ತಿನಲ್ಲಿಯೂ ತರಕಾರಿಯವನು ಕೂಗುತ್ತಾನೆ, ನಲ್ಲಿಯಲ್ಲಿ ನೀರು ಬರುತ್ತದೆ, ಅರ್ಧ ವಾಕ್ಯದಲ್ಲಿ ಪೆನ್ನಿಗೆ ಮುಚ್ಚಳ ಹಾಕಿ ಏಳಬೇಕಾಗುತ್ತದೆ. ಹೀಗೆ ಎದ್ದುಹೋದವಳು ಕೊಡ ತುಂಬುವಷ್ಟು ಹೊತ್ತು ಆ ಅರ್ಧ ವಾಕ್ಯವನ್ನು ತಲೆಯಲ್ಲಿ ಹೊತ್ತುಕೊಂಡೇ ಇರುತ್ತಾಳೆ, ಮರಳಿ ಬಂದು ಕುಳಿತಾಗ ಅದು ಮೊದಲು ಯೋಚಿಸಿದ್ದ ವಾಕ್ಯವಾಗಿ ಉಳಿದಿರುವುದಿಲ್ಲ. ತಡೆಯನ್ನು ಶಪಿಸಬಹುದಾಗಿದ್ದವರು ಅದನ್ನೇ ಕಥನದ ಯುಕ್ತಿಯಾಗಿ ಮಾರ್ಪಡಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. ‘ಅಡುಗೆಮನೆ ಸಾಹಿತ್ಯ’ ಎಂಬ ಬೈಗುಳ ಒಂದರ್ಥದಲ್ಲಿ ಸರಿಯಾಗಿಯೇ ಇದೆ. ಬೈದವರಿಗೆ ಅದರ ಅರ್ಥ ಗೊತ್ತಿರಲಿಲ್ಲ, ಅಷ್ಟೇ.

ಇದಕ್ಕೆ ಎರಡನೆಯ ತಡೆಯೊಂದು ಹೊರಗಿನಿಂದ ಸೇರಿತು. ವಾರಪತ್ರಿಕೆಗಳು, ಅದರಲ್ಲಿಯೂ 1965ರಲ್ಲಿ ಆರಂಭವಾದ ‘ಸುಧಾ’ದಂಥವು, ಕಾದಂಬರಿಯನ್ನು ಧಾರಾವಾಹಿಯಾಗಿ, ಅಂದರೆ ವಾರಕ್ಕೊಂದು ಕಂತಿನಂತೆ, ಪ್ರಕಟಿಸುತ್ತಿದ್ದವು. ಹಾಳೆಯ ಒಂದೇ ಮಗ್ಗುಲಲ್ಲಿ, ಅಂಚು ಬಿಟ್ಟು, ಮೊಳೆ ಜೋಡಿಸುವವನಿಗೆ ತಿಳಿಯುವಂತೆ ದುಂಡಗೆ ಬರೆದು ಅಂಚೆಗೆ ಹಾಕಿದ ಹಸ್ತಪ್ರತಿ ಪತ್ರಿಕೆಯ ಪುಟಗಳ ಅಳತೆಗೆ ತಕ್ಕಂತೆ ತುಂಡಾಗುತ್ತಿತ್ತು. ಕಂತಿನ ಕೊನೆಯಲ್ಲಿ ‘ಸಶೇಷ’ ಎಂಬ ಪದ, ಅಂದರೆ ಇನ್ನೂ ಉಳಿದಿದೆ ಎಂಬ ಸೂಚನೆ, ಬೀಳುತ್ತಿತ್ತು. ಆ ಪದವನ್ನು ಎಲ್ಲಿ ಬೀಳಿಸಬೇಕೆಂಬುದರಲ್ಲಿ ಲೇಖಕಿಯ ಕೈಚಳಕ ಗೊತ್ತಾಗುತ್ತದೆ. ಸಾಧಾರಣರು ಬಾಗಿಲು ತಟ್ಟಿದ ಸದ್ದಿನಲ್ಲಿ ಕಂತು ಮುಗಿಸುತ್ತಾರೆ, ಬಂದವರು ಯಾರೆಂದು ಓದುಗರು ಏಳು ದಿನ ಕಾಯಬೇಕು. ನುರಿತವರು ಬಾಗಿಲು ತೆರೆಸಿ, ಬಂದವನನ್ನು ಕೂರಿಸಿ, ಅವನು ಬಂದ ಕಾರಣವನ್ನೂ ಹೇಳಿಸಿ, ನಾಯಕಿ ಉತ್ತರವಾಗಿ ಕಿಟಕಿಯ ಪರದೆ ಸರಿಪಡಿಸುವಲ್ಲಿ ನಿಲ್ಲಿಸುತ್ತಾರೆ. ಮೊದಲನೆಯದರಲ್ಲಿ ಉಳಿಯುವುದು ಕುತೂಹಲ, ಎರಡನೆಯದರಲ್ಲಿ ಉಳಿಯುವುದು ಭಾವ. ಒಂದೇ ಸಂಪುಟವಾಗಿ ಅಚ್ಚಾದ ಹಳೆಯ ಧಾರಾವಾಹಿಯನ್ನು ಓದುವಾಗ ಕಂತುಗಳ ಹೊಲಿಗೆ ಎಲ್ಲಿತ್ತೆಂದು ಬೆರಳಿನಿಂದ ತಡವಿ ನೋಡುವುದು ಒಳ್ಳೆಯ ವ್ಯಾಯಾಮ.

ಈ ಪ್ರಕಾರದ ಶಿಖರ ತ್ರಿವೇಣಿ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿ, ಮನಶ್ಶಾಸ್ತ್ರವನ್ನು ಓದಿ, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಈ ಲೇಖಕಿ ತಡೆಯನ್ನು ಹೊಸ್ತಿಲಿನಿಂದ ಎತ್ತಿ ಕಥೆಯ ಬೆನ್ನೆಲುಬಿಗೆ ಸೇರಿಸಿದರು. ‘ಬೆಳ್ಳಿಮೋಡ’ದ ಇಂದಿರಾ ಸಿರಿವಂತರ ಒಬ್ಬಳೇ ಮಗಳು, ಅವಳೊಡನೆ ನಿಶ್ಚಿತಾರ್ಥವಾದ ಮೋಹನ ಮಾವನಾಗುವವರ ಹಣದಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಇದು ಲಾಕ್ಷಣಿಕರ ಪ್ರವಾಸವಿಪ್ರಲಂಭವೇ ಸರಿ, ಸಾಧಾರಣ ಲೇಖಕಿಯಾಗಿದ್ದರೆ ಅಲ್ಲಿ ಅವನಿಗೊಬ್ಬ ಬಿಳಿಯ ಹೆಂಡತಿಯನ್ನು ಗಂಟು ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ತ್ರಿವೇಣಿ ತಡೆಯನ್ನು ತರುವುದು ಮನೆಯ ಒಳಗಿನಿಂದ, ಅದೂ ಒಂದು ಶುಭವಾರ್ತೆಯ ರೂಪದಲ್ಲಿ: ಇಂದಿರಾಳಿಗೆ ಬಹಳ ವರ್ಷಗಳ ಮೇಲೆ ತಮ್ಮನೊಬ್ಬ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬಂದಂತಾಗುತ್ತದೆ, ಮೋಹನನ ಪ್ರೀತಿಯ ನಿಜವಾದ ಬೆಲೆ ಬಯಲಾಗುತ್ತದೆ. ಕೊನೆಯಲ್ಲಿ, ಕಾಲು ಮುರಿದುಕೊಂಡು ಅವಳ ಶುಶ್ರೂಷೆಯಲ್ಲಿ ಚೇತರಿಸಿಕೊಂಡವನು ಮನಸ್ಸು ಬದಲಿಸಿ ಮದುವೆಗೆ ಸಿದ್ಧನಾದಾಗ, ಹೊರಗಿನ ತಡೆಗಳೆಲ್ಲ ಸರಿದುಹೋಗಿವೆ. ಆಗ ನಾಯಕಿ ತಾನೇ ತಡೆಯಾಗಿ ನಿಲ್ಲುತ್ತಾಳೆ, ಒಲ್ಲೆನೆನ್ನುತ್ತಾಳೆ. ಕೊನೆಯ ಪುಟವನ್ನು ಮೊದಲು ತೆರೆಯುವವರಿಗೆ ಇಲ್ಲಿ ಕಾಣುವುದು ಕೈತಪ್ಪಿದ ಮದುವೆ ಮಾತ್ರ. ‘ಶರಪಂಜರ’ದಲ್ಲಿಯಾದರೋ ತಡೆ ಬರುವುದು ಮದುವೆಯಾದ ಮೇಲೆ. ಹೆರಿಗೆಯ ನಂತರ ಮನೋವ್ಯಾಧಿಗೆ ತುತ್ತಾಗಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಗೆ, ಪ್ರೀತಿಸಿ ಕೈಹಿಡಿದ ಗಂಡನೊಡನೆ ಮೊದಲಿನಂತೆ ಮಾತಾಡುವುದೇ ಅಸಾಧ್ಯವಾಗುತ್ತದೆ. ಅವಳು ಏನು ಆಡಿದರೂ ಅದು ಹುಚ್ಚಿಯ ಮಾತಾಗಿಯೇ ಕೇಳಿಸುತ್ತದೆ. ಇದು ಪ್ರೇಮಕಾದಂಬರಿಯೇ ಅಲ್ಲವೆನ್ನುವ ವಿಮರ್ಶಕರಿದ್ದಾರೆ. ಮದುವೆಯ ಊಟಕ್ಕೆ ಪ್ರೇಮ ಮುಗಿಯುತ್ತದೆಂದು ನಂಬಿದವರು ಹಾಗೆನ್ನುವುದು ಸಹಜ.

ಪುಟ್ಟಣ್ಣ ಕಣಗಾಲರು ಈ ಎರಡನ್ನೂ ಸಿನಿಮಾ ಮಾಡಿದರು. ‘ಬೆಳ್ಳಿಮೋಡ’ 1967ರಲ್ಲಿ ತೆರೆಗೆ ಬಂತು, ನಟಿ ಕಲ್ಪನಾ ಅವರ ಮುಖವೇ ತ್ರಿವೇಣಿಯ ನಾಯಕಿಯರ ಮುಖವಾಗಿ ಜನಮನದಲ್ಲಿ ಉಳಿಯಿತು. ಚಿತ್ರಗಳು ಚೆನ್ನಾಗಿಯೇ ಇವೆ. ಆದರೆ ಹಾಡು ಬಂದ ಕಡೆಯೆಲ್ಲ ತಡೆ ಕರಗುತ್ತದೆ, ಮನಸ್ಸಿನಲ್ಲಿ ಉಳಿಯಬೇಕಾದದ್ದು ಕಂಠದಿಂದ ಹೊರಟುಹೋಗುತ್ತದೆ.

ಈ ಕೈಪಿಡಿಯ ಲೇಖಕನಿಗೆ ತಡೆಯನ್ನು ಗುರುತಿಸುವ ಈ ವಿವೇಕ ಬಂದದ್ದು ಗ್ರಂಥಾಲಯದಲ್ಲಲ್ಲ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಕಾಲದಲ್ಲಿ, ವಿಪ್ರಲಂಭದ ನಾಲ್ಕು ಬಗೆಗಳನ್ನು ಪರೀಕ್ಷೆಗಾಗಿ ಉರುಹೊಡೆಯುತ್ತಿದ್ದ ಆತನು ಬಾಡಿಗೆಗಿದ್ದ ಕೋಣೆಯ ಮುಂದಿನ ಜಗುಲಿಯಲ್ಲಿ, ಪತ್ರಿಕೆ ಬಂದ ದಿನ ಮಧ್ಯಾಹ್ನ, ಮನೆಯ ಯಜಮಾನಿತಿ ಹೊಸ ಕಂತನ್ನು ನೆರೆಯ ಮೂವರು ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕೇಳುವವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಒಂದು ದಿನ ಕಂತು ಮುಗಿದಾಗ ಒಬ್ಬರು, ಅವಳು ಬಾಗಿಲಲ್ಲೇ ಯಾಕೆ ನಿಂತಳು, ಒಳಗೆ ಬಂದು ಎರಡು ಮಾತಾಡಬಾರದಿತ್ತೇ ಎಂದು ಕೇಳಿದರು. ಅದಕ್ಕೆ ಎಲ್ಲರಿಗಿಂತ ಹಿರಿಯರಾದ, ಅಕ್ಷರ ಬಾರದ ಹೆಂಗಸೊಬ್ಬರು ಮೊರದಿಂದ ತಲೆಯೆತ್ತದೆ ಹೇಳಿದರು: “ಬರೋದು ಹ್ಯಾಗೆ? ಕೈಯಲ್ಲಿ ಅತ್ತೆ ಮಡಿಸೀರೆ ಇತ್ತಲ್ಲ, ಮರ್ತೇ ಬಿಟ್ರಾ?” ಆ ಮಡಿಸೀರೆಯ ಪ್ರಸ್ತಾಪ ಆ ದಿನದ ಓದಿನ ಮೊದಲಲ್ಲಿ ಅರ್ಧ ಸಾಲಿನಷ್ಟು ಬಂದಿತ್ತು; ಗೋಡೆಯಾಚೆ ಕಿವಿಗೊಟ್ಟಿದ್ದ ಸ್ನಾತಕೋತ್ತರ ವಿದ್ಯಾರ್ಥಿ ಅದನ್ನು ಗಮನಿಸಿರಲಿಲ್ಲ. ಸಹೃದಯನೆಂದರೆ, ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳ ಓದುಗನೆಂದರೆ, ಯಾರೆಂದು ಆತನಿಗೆ ಕಂಡದ್ದು ಆ ಮಧ್ಯಾಹ್ನ.

ಆ ಬಗೆಯ ಕಿವಿ ಈಗ ಅಪರೂಪ. ಇಂದಿನ ದೂರದರ್ಶನದ ಧಾರಾವಾಹಿಗಳಲ್ಲಿ ನಾಯಕಿ ಬಾಗಿಲಿಗೆ ಬಂದರೆ ಸಾಕು, ಅವಳ ಮುಖವನ್ನು ಮೂರು ಕೋನಗಳಿಂದ ಮೂರು ಬಾರಿ ತೋರಿಸಿ, ಪ್ರತಿ ಬಾರಿಯೂ ಗುಡುಗಿನ ಸದ್ದು ಕೂಡಿಸಲಾಗುತ್ತದೆ. ಇದು ತಡೆಯಲ್ಲ, ತಡ. ಮೊಬೈಲಿನಲ್ಲಿ ಓದುವ ಕಥೆಗಳ ಕೋಟ್ಯಧೀಶ ನಾಯಕನ ಬಂಗಲೆಯಲ್ಲಿ ಆಳುಕಾಳುಗಳೇ ಎಲ್ಲವನ್ನೂ ಮಾಡುವುದರಿಂದ ಅಲ್ಲಿ ಹಾಲು ಉಕ್ಕುವುದಿಲ್ಲ, ಯಾರ ಕೈಯಲ್ಲಿಯೂ ಏನೂ ಇರುವುದಿಲ್ಲ. ಆದುದರಿಂದ ಪ್ರೇಮಿಗಳು ಕೋಪ ಮಾಡಿಕೊಳ್ಳುವುದರ ಹೊರತು ಬೇರೆ ಕೆಲಸವಿಲ್ಲದೆ ನೂರು ಕಂತು ಕಳೆಯುತ್ತಾರೆ.

ಭಾಷೆ, ವರ್ಣನೆ, ಪಾತ್ರಗಳ ಹೆಸರು ಮುಂತಾದವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಸೀರೆಯ ಬಣ್ಣದ ವರ್ಣನೆ ಎರಡು ಸಾಲು ಮೀರಿದರೆ ಆ ಪುಟವನ್ನು ಹಾರಿಸಬಹುದು. ಉಷಾ ನವರತ್ನರಾಂ, ಸಾಯಿಸುತೆ ಮೊದಲಾದ ಲೇಖಕಿಯರ ಕಾದಂಬರಿಗಳಲ್ಲಿ ಆಯ್ದು ಓದಬೇಕು. ನಗರದ ಮನೆಗಳು ಚಿಕ್ಕವಾದಂತೆ, ಜಗುಲಿ ನಡುಮನೆಗಳು ಮಾಯವಾದಂತೆ ತಡೆ ಹೇಗೆ ಕಚೇರಿಗೂ ಟೆಲಿಫೋನಿಗೂ ವರ್ಗವಾಯಿತೆಂಬುದನ್ನು ಗಮನಿಸುವವರಿಗೆ ಅಲ್ಲಿ ಸಾಮಗ್ರಿ ಸಿಗುತ್ತದೆ.

ಹೊಸಬರು ‘ಬೆಳ್ಳಿಮೋಡ’ದಿಂದ ಆರಂಭಿಸಿ, ದಿನಕ್ಕೆ ಎರಡು ಅಧ್ಯಾಯಕ್ಕಿಂತ ಹೆಚ್ಚು ಓದದಂತೆ ತಮ್ಮನ್ನು ತಾವೇ ತಡೆದುಕೊಳ್ಳುವುದು ಒಳ್ಳೆಯದು. ನಾಲ್ಕೈದು ಕಾದಂಬರಿಗಳಾದ ಮೇಲೆ ‘ಅವಳ ಮಗಳು’ ಎಂಬುದನ್ನು ಕೈಗೆತ್ತಿಕೊಳ್ಳಬಹುದು. ತ್ರಿವೇಣಿ ಅದನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡರು, ಎಂ. ಸಿ. ಪದ್ಮಾ ಅವರು ಪೂರ್ಣಗೊಳಿಸಿದರು. ಬಾಣಭಟ್ಟನೂ ತನ್ನ ಕಾದಂಬರಿಯನ್ನು ಮುಗಿಸದೆ ಹೋಗಿ, ಅವನ ಮಗ ಅದನ್ನು ಮುಗಿಸಬೇಕಾಯಿತು. ಒಂದು ಕೈ ನಿಂತು ಇನ್ನೊಂದು ಕೈ ಆರಂಭವಾಗುವ ಸ್ಥಳ ಯಾವುದೆಂದು ಯಾರನ್ನೂ ಕೇಳದೆ, ಮನೆಯ ಬಾಗಿಲು, ಒಲೆ, ಕೈಯಲ್ಲಿನ ವಸ್ತುಗಳನ್ನು ಮಾತ್ರ ನೋಡುತ್ತ ಕಂಡುಕೊಳ್ಳಲು ಯತ್ನಿಸಬೇಕು. ಈ ಕೈಪಿಡಿಯ ಲೇಖಕನು ತನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ ಹಾಗೆ ಗುರುತು ಮಾಡಿದ್ದಾನೆ, ಮೂರು ಬಾರಿ ಓದಿ ಮೂರು ಬೇರೆ ಬೇರೆ ಪುಟಗಳಲ್ಲಿ.