ಮಂದ್ರವಾದಕರ ತಾರತಮ್ಯ

ಪಂಪನು ದೊಡ್ಡವನೋ ಕುಮಾರವ್ಯಾಸನು ದೊಡ್ಡವನೋ ಎಂಬ ಚರ್ಚೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದರಿಂದ ತೀರ್ಪು ಹೊರಟಿತೆಂದು ಹೇಳಲಾಗದು; ಆದರೆ ಈ ಇಬ್ಬರನ್ನು ಓದುವವರ ಕಿವಿ ಹರಿತವಾಯಿತೆಂಬುದರಲ್ಲಿ ಸಂದೇಹವಿಲ್ಲ. ಪಾಶ್ಚಾತ್ಯರ ಜನಪ್ರಿಯ ಸಂಗೀತದಲ್ಲಿ ಇಂತಹುದೇ ಚರ್ಚೆಯೊಂದು ಬೇಸ್ ಗಿಟಾರ್ ವಾದಕರನ್ನು ಕುರಿತು ನಡೆಯುತ್ತಿರುತ್ತದೆ. ಇವರಲ್ಲಿ ಮೆಚ್ಚತಕ್ಕವರಾರು, ಮೆಚ್ಚಲಾಗದವರಾರು? ಬೆಳಗಾವಿ, ಖಾನಾಪುರಗಳ ತರುಣರೂ ಈಗ ಈ ವಾದದಲ್ಲಿ ಪಾಲುಗೊಳ್ಳುತ್ತಾರೆ. ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಡಿನ ತಳವನ್ನು ಹಿಡಿದು ನಿಂತವನ ಗುಣದೋಷಗಳನ್ನು ಯಾವ ಮಾನದಿಂದ ಅಳೆಯಬೇಕೆಂಬ ಪ್ರಶ್ನೆ ಇದರಲ್ಲಿ ಅಡಗಿದೆ. ಗವಾಯಿಯಷ್ಟೇ ಎಚ್ಚರದಿಂದ ಸಾಥಿಯವನನ್ನೂ ಕೇಳಿ ತೂಗುವ ನಮ್ಮ ಸೀಮೆಗೆ ಈ ಪ್ರಶ್ನೆ ಪರಕೀಯವಾದುದಲ್ಲ.

ವಾದ್ಯವನ್ನು ಕುರಿತು ಎರಡು ಮಾತು ಸಾಕು. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು; ಗಿಟಾರಿನ ಕೆಳಗಣ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ತಗ್ಗಿನಲ್ಲಿ ಅವು ನುಡಿಯುತ್ತವೆ. ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ವಿದ್ಯುತ್ತಿನ ಗಿಟಾರು, ತಮ್ಮಟೆಗಳ ಅಬ್ಬರದಲ್ಲಿ ಅದರ ದನಿ ಅಡಗಿಹೋಗುತ್ತಿದ್ದಿತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತನು ಮೆಟ್ಟಿಲುಳ್ಳ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದನು. ಮೆಟ್ಟಿಲುಗಳಿಂದ ಸ್ವರವು ನಿಷ್ಕೃಷ್ಟವಾಗುತ್ತದೆಂಬ ಕಾರಣದಿಂದಲೇ ಅದಕ್ಕೆ ‘ಪ್ರಿಸಿಷನ್’ ಎಂಬ ಹೆಸರಾಯಿತು. ಮುಂದಿನ ಚರ್ಚೆಗೆ ಕಾರಣರಾದ ವಾದಕರೆಲ್ಲ ಈ ಹೊಸ ವಾದ್ಯದ ಮಕ್ಕಳು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆಗೋಲು ಬೆರಳಿನ ವೇಗ. ಯಾರು ಹೆಚ್ಚು ಸ್ವರಗಳನ್ನು ಕಡಮೆ ಕಾಲದಲ್ಲಿ ನುಡಿಸಬಲ್ಲರೋ ಅವರು ಹಿರಿಯರು. ಇದಕ್ಕೆ ಬೇಸತ್ತವರು ಇನ್ನೊಂದು ತುದಿಗೆ ಹೋಗಿ, ಯಾರು ಅತ್ಯಂತ ಕಡಮೆ ಸ್ವರಗಳನ್ನು ನುಡಿಸುತ್ತಾರೋ ಅವರೇ ಹಿರಿಯರು ಎನ್ನುತ್ತಾರೆ. ಎರಡೂ ಎಣಿಕೆಯ ಮಾತುಗಳೇ; ವಿಮರ್ಶೆಯ ಮಾತುಗಳಲ್ಲ. ನಮ್ಮ ಆಲಂಕಾರಿಕರು ಅಂಗಾಂಗಿಭಾವವೆಂದು ಕರೆದಿರುವುದನ್ನು ಇಲ್ಲಿ ನೆನೆಯಬೇಕು. ಕಾವ್ಯದಲ್ಲಿ ಅಂಗವಾದ ರಸವು ಎಷ್ಟೇ ಪುಷ್ಟವಾಗಿರಲಿ, ಅಂಗಿಯನ್ನು ಮರೆಸದಿರುವವರೆಗೆ ಅದು ಗುಣ. ಮರೆಸಿದ ಕ್ಷಣದಿಂದ ದೋಷ. ರಸಭಂಗಕ್ಕೆ ಅನೌಚಿತ್ಯವನ್ನುಳಿದು ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ಹೇಳುವಾಗ ಅಲಂಕಾರಗಳ ಸಂಖ್ಯೆಯನ್ನು ಆತನು ಎಣಿಸಲಿಲ್ಲ. ಬೇಸ್ ವಾದಕನನ್ನೂ ಹೀಗೆಯೇ ಕೇಳಬೇಕು: ಈ ಹಾಡಿನಿಂದ ಇವನನ್ನು ತೆಗೆದರೆ ಗಾಯಕನು ಏನನ್ನು ಕಳೆದುಕೊಳ್ಳುತ್ತಾನೆ?

ಬೆಳಗಾವಿಯ ಕೇಳುಗರಿಗೆ ಈ ಅಳತೆ ಹೊಸದಲ್ಲ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, ಶ್ರೀರಾಮ ಸಂಗೀತ ಮಹಾವಿದ್ಯಾಲಯವನ್ನು ನಡೆಯಿಸಿ, 2010ರಲ್ಲಿ ತೀರಿಕೊಂಡ ಪಂಡಿತ ರಾಮಭಾವು ಬಿಜಾಪುರೆಯವರ ಪೇಟಿಯ ಸಾಥಿಯನ್ನು ಕೇಳಿದವರು ಈ ಪ್ರಾಂತದಲ್ಲಿ ಇನ್ನೂ ಬಹಳ ಜನರಿದ್ದಾರೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಕುಮಾರ ಗಂಧರ್ವ — ಒಬ್ಬರ ದಾರಿ ಇನ್ನೊಬ್ಬರದಲ್ಲ. ಮನಸೂರರ ಜಟಿಲವಾದ ಲಯದ ಬಳಕೆಗೆ ಸಲ್ಲುವ ಸಾಥಿ ಗಂಗೂಬಾಯಿಯವರ ನಿಧಾನವಾದ ಬೆಳೆಸುವಿಕೆಗೆ ಸಲ್ಲದು. ಈ ಎಲ್ಲರಿಗೂ ಸಾಥಿ ಮಾಡಿದ ಒಬ್ಬ ವಾದಕನ ಹಿರಿಮೆ ಅವನ ಬೆರಳುಗಳಲ್ಲಿರುವಷ್ಟೇ ಅವನ ಕಿವಿಯಲ್ಲಿಯೂ ಇದೆ. ಆಕಾಶವಾಣಿಯು 1940ರಿಂದ ಸುಮಾರು ಮೂರು ದಶಕಗಳ ಕಾಲ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಮೀಂಡು ಬಾರದ ವಾದ್ಯ, ಶ್ರುತಿಸೂಕ್ಷ್ಮವಿಲ್ಲದ ವಾದ್ಯ ಎಂಬ ಆಕ್ಷೇಪಣೆಗಳಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೂ ಬೈಠಕಗಳಲ್ಲಿ ಪೇಟಿ ಉಳಿಯಿತು. ವಾದ್ಯದ ದೋಷವನ್ನು ವಾದಕನ ಔಚಿತ್ಯಜ್ಞಾನವು ಎಷ್ಟರಮಟ್ಟಿಗೆ ಮುಚ್ಚಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಹೋಲಿಕೆಯನ್ನು ಎಳೆದಾಡಬಾರದು. ಪೇಟಿಯ ಸಾಥಿಯವನು ಗಾಯಕನ ಹಿಂದೆ ನಡೆಯುತ್ತಾನೆ. ಗಾಯಕನು ಎತ್ತ ಹೊರಳುವನೆಂದು ತಿಳಿದು, ಅರೆಕ್ಷಣ ತಡೆದು, ಅತ್ತ ಹೊರಳುತ್ತಾನೆ. ಬೇಸ್ ವಾದಕನಾದರೋ ಮುಂದೆ ನಡೆಯುತ್ತಾನೆ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಮೇಳಗಳು ಒಂದರ ಮೇಲೊಂದು ಬದಲಾಗುತ್ತಿರುವುದರಿಂದ, ಈಗ ನಿಂತಿರುವ ನೆಲ ಯಾವುದೆಂದು ಮೊದಲು ಹೇಳಬೇಕಾದವನು ಆತನೇ. ನಮ್ಮಲ್ಲಿ ಆ ನೆಲ ತಂಬೂರಿಯ ಖರಜದ ತಂತಿ. ಅದು ಆದಿಯಿಂದ ಅಂತ್ಯದವರೆಗೆ ಕದಲುವುದಿಲ್ಲ. ಆದುದರಿಂದ ಬೇಸ್ ವಾದಕನು ತಂಬೂರಿಯ ಭಾರವನ್ನೂ ಸಾಥಿಯ ಚಲನೆಯನ್ನೂ ಒಟ್ಟಿಗೆ ಹೊತ್ತವನು. ತಬಲೆಯ ಡಗ್ಗಾ ಮಾಡುವ ಕೆಲಸದಲ್ಲಿಯೂ ಅವನಿಗೆ ಪಾಲುಂಟು. ಇಷ್ಟು ಹೊರೆ ಇರುವವನು ತಪ್ಪಿದರೆ ಹಾಡೇ ತಪ್ಪಿದಂತಾಗುತ್ತದೆ. ಕೇಳುಗನಿಗೆ ಮಾತ್ರ ತಪ್ಪಿದವರಾರೆಂದು ತಿಳಿಯುವುದಿಲ್ಲ.

ಇನ್ನು ವಾದಕರ ವಿಚಾರ. ನನ್ನ ಮೆಚ್ಚುಗೆಯಲ್ಲಿ ಮೊದಲನೆಯವನು ಜೇಮ್ಸ್ ಜೇಮರ್ಸನ್ (1936–1983). ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಧ್ವನಿಮುದ್ರಣಶಾಲೆಯಲ್ಲಿ ಸಂಬಳಕ್ಕೆ ದುಡಿದ ಈತನು ಬಲಗೈಯ ತೋರುಬೆರಳೊಂದರಿಂದಲೇ ತಂತಿಯನ್ನು ಮೀಟುತ್ತಿದ್ದನು. ಮೊದಲು ಡಬಲ್ ಬೇಸ್ ಕಲಿತವನಾದುದರಿಂದ ಆ ಒಂಟಿ ಬೆರಳಿನ ತೂಕ ವಿದ್ಯುತ್ ಬೇಸಿನಲ್ಲಿಯೂ ಉಳಿದುಬಂದಿತು. 1967ರ ‘ಬರ್ನಡೆಟ್’ ಎಂಬ ಹಾಡನ್ನು ಕೇಳಿರಿ. ಮಿತಸ್ವರವಾದಿಗಳಿಗೆ ಅದು ದೊಡ್ಡ ಆಘಾತ. ಏಕೆಂದರೆ ಬೇಸು ಅಲ್ಲಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಮಾತ್ರೆಗೆ ಮುಂಚೆ ಹೆಜ್ಜೆಯಿಡುತ್ತದೆ, ಸುತ್ತಿ ಬರುತ್ತದೆ, ತಡವರಿಸಿದಂತೆ ನಟಿಸುತ್ತದೆ. ಆದರೂ ಗಾಯಕನ ಒಂದು ಅಕ್ಷರವೂ ಅದರಡಿ ಸಿಕ್ಕಿ ನಲುಗಿಲ್ಲ. ಗಾಯಕನು ಉಸಿರೆಳೆದುಕೊಳ್ಳುವಲ್ಲಿ ಅದು ತುಂಬುತ್ತದೆ. ಅವನು ಕೂಗುವಲ್ಲಿ ನೆಲದ ಸ್ವರಕ್ಕೆ ಬಂದು ಕಾದಿರುತ್ತದೆ. ಹಾಡಿನ ಕೊನೆಯ ಭಾಗದಲ್ಲಿ ವಾದ್ಯಗಳೆಲ್ಲ ತಟ್ಟನೆ ನಿಂತು, ಮೌನದಲ್ಲಿ ಗಾಯಕನು ಆ ಹೆಂಗಸಿನ ಹೆಸರನ್ನು ಒಂಟಿಯಾಗಿ ಕೂಗುವ ಸ್ಥಳವೊಂದುಂಟು. ಅಲ್ಲಿ ನಮಗೆ ಭಯವಾಗುವುದೇಕೆ? ಅಷ್ಟು ಹೊತ್ತು ಕಾಲಡಿಯಲ್ಲಿದ್ದ ನೆಲ ಆಗ ಇಲ್ಲವಾದುದರಿಂದ. ಇರುವಾಗ ಗಮನಕ್ಕೆ ಬಾರದೆ ಇಲ್ಲದಾಗ ಗೊತ್ತಾಗುವುದೇ ಉತ್ತಮ ಬೇಸಿನ ಲಕ್ಷಣವೆಂದು ಹಲವರು ಹೇಳುತ್ತಾರೆ. ಜೇಮರ್ಸನನಲ್ಲಿ ಇರುವಾಗಲೂ ಗಮನಕ್ಕೆ ಬರುತ್ತದೆ, ಆದರೂ ಅಡ್ಡವಾಗುವುದಿಲ್ಲ. ಇದು ಇನ್ನೂ ಕಠಿಣವಾದ ಸಿದ್ಧಿ.

ಜೇಮರ್ಸನನೊಡನೆ ಹೋಲಿಸಿದರೆ ಡೊನಾಲ್ಡ್ ಡನ್ನನ (1941–2012) ಮಾರ್ಗ ಸರಳವಾದುದು. ಓಟಿಸ್ ರೆಡ್ಡಿಂಗನು 1967ರಲ್ಲಿ ಹಾಡಿದ ಕಡಲಕಟ್ಟೆಯ ಹಾಡಿನಲ್ಲಿ ಅವನ ಬೇಸು ಕಡಲಿನಂತೆಯೇ ಅವಸರವಿಲ್ಲದೆ ಏರಿ ಇಳಿಯುತ್ತದೆ. ಅದನ್ನು ಕೇಳಿದ ಮೇಲೆ ಸ್ವರಗಳನ್ನು ಎಣಿಸುವ ಎರಡು ಪಕ್ಷದವರೂ ಸುಮ್ಮನಾಗಬೇಕು.

ಕಷ್ಟವಿರುವುದು ಪಾಲ್ ಮೆಕಾರ್ಟ್ನಿಯ ವಿಷಯದಲ್ಲಿ. ಬೀಟಲ್ಸ್ ತಂಡದ ಈತನು ಸ್ವತಃ ಗೀತಕಾರ. ಆದುದರಿಂದ ಅವನ ಬೇಸಿನಲ್ಲಿ ಇನ್ನೊಂದು ಹಾಡು ಹುಟ್ಟಿಕೊಳ್ಳುತ್ತದೆ. ಜಾರ್ಜ್ ಹ್ಯಾರಿಸನ್ನನು ರಚಿಸಿದ ‘ಸಮ್‌ಥಿಂಗ್’ (1969) ಇದಕ್ಕೆ ಪ್ರಸಿದ್ಧ ಉದಾಹರಣೆ. ಮೇಲೆ ಹ್ಯಾರಿಸನ್ನನು ಮೆಲ್ಲಗೆ ಹಾಡುತ್ತಿರುವಾಗ ಕೆಳಗೆ ಬೇಸು ತಾನೇ ಒಂದು ರಾಗವನ್ನು ಹೆಣೆಯುತ್ತ ಮೇಲಕ್ಕೆ ಹತ್ತಿ ಬರುತ್ತದೆ. ಇದು ಅತಿಯಾಯಿತು, ಪ್ರಿಯತಮೆಯನ್ನು ಕುರಿತು ಒಬ್ಬನು ಪಿಸುನುಡಿಯುತ್ತಿರುವಾಗ ಪಕ್ಕದಲ್ಲಿ ಇನ್ನೊಬ್ಬನು ಮಾತನಾಡಿದಂತಾಯಿತು ಎಂಬವರುಂಟು. ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಹಾಡಿನ ಮಾತುಗಳಲ್ಲಿ ಹೇಳಲಾರದೆ ಬಿಟ್ಟದ್ದು ಬಹಳವಿದೆ. ಅದರ ಹೆಸರೇ ‘ಏನೋ ಒಂದು’ ಎಂದು. ಹೇಳದೆ ಉಳಿದುದು ಬೇಸಿನಲ್ಲಿ ನುಡಿಯುತ್ತದೆ. ಧ್ವನಿವಾದಿಗಳು ಇದನ್ನು ಒಪ್ಪಬಹುದೆಂದು ನನ್ನ ಅಭಿಪ್ರಾಯ. ಅದೇ ಬೇಸನ್ನು ಬೇರೆ ಹಾಡಿನಡಿ ಇಟ್ಟಿದ್ದರೆ ನಾನು ಆಕ್ಷೇಪಕರ ಪಕ್ಷವನ್ನೇ ಹಿಡಿಯುತ್ತಿದ್ದೆನು.

ಜಾಕೋ ಪ್ಯಾಸ್ಟೋರಿಯಸ್ (1951–1987) ಎಂಬವನ ಹೆಸರೆತ್ತಿದೊಡನೆ ವಾದವು ಬಿಸಿಯಾಗುತ್ತದೆ. ಮೆಟ್ಟಿಲುಗಳಿಲ್ಲದ ಬೇಸನ್ನು ನುಡಿಸಿದ ಈತನಲ್ಲಿ ಹಿಂದುಸ್ತಾನಿ ಸಂಗೀತಕ್ಕೆ ಹೊಂದಿದ ಕಿವಿಗೆ ಕೂಡಲೇ ಹತ್ತುವ ಗುಣವೊಂದಿದೆ: ಮೀಂಡು. ಸ್ವರದಿಂದ ಸ್ವರಕ್ಕೆ ಅವನು ನೆಗೆಯುವುದಿಲ್ಲ, ಜಾರುತ್ತಾನೆ. 1976ರಲ್ಲಿ ಜೋನಿ ಮಿಚೆಲ್ ಎಂಬ ಗಾಯಕಿಯ ‘ಹೆಜೀರಾ’ ಸಂಪುಟದ ಕೆಲವು ಹಾಡುಗಳಿಗೆ ಅವನು ಬೇಸು ನುಡಿಸಿದನು. ಇತರ ವಾದ್ಯಗಳು ವಿರಳವಾಗಿರುವ ಆ ಹಾಡುಗಳಲ್ಲಿ ಅವಳ ದನಿಗೂ ಅವನ ತಂತಿಗೂ ನಡೆಯುವ ಸಂವಾದವು ಸಾಥಿಯ ಪರಮಾವಧಿ. ಅದೇ ವರುಷ ಹೊರಬಂದ ಅವನ ಸ್ವಂತ ಸಂಪುಟದಲ್ಲಿ ‘ಪೋರ್ಟ್ರೇಟ್ ಆಫ್ ಟ್ರೇಸಿ’ ಎಂಬ ಬೇಸಿನ ಒಂಟಿವಾದನವಿದೆ. ಅಲ್ಲಿ ಅಂಗವೇ ಅಂಗಿಯಾಗಿದೆ, ಆಗುವ ಹಕ್ಕೂ ಅದಕ್ಕಿದೆ. ರಾಮಭಾವು ಅವರಂತಹ ಸಾಥಿಯವರು ಒಂಟಿಯಾಗಿಯೂ ಪೇಟಿ ನುಡಿಸಿದರಷ್ಟೆ. ಅದನ್ನು ಯಾರೂ ಅತಿಕ್ರಮವೆನ್ನಲಿಲ್ಲ. ಆದರೆ ವೆದರ್ ರಿಪೋರ್ಟ್ ತಂಡದ 1979ರ ಸಂಪುಟದಲ್ಲಿ ಇರುವ ‘ಸ್ಲ್ಯಾಂಗ್’ ಎಂಬ ಅವನ ಸಭಾವಾದನವನ್ನು ಕೇಳಿದರೆ ನನಗೆ ಬೇಸರವಾಗುತ್ತದೆ. ಯಂತ್ರದ ಸಹಾಯದಿಂದ ತನ್ನ ನುಡಿಯನ್ನೇ ತನ್ನಡಿಗೆ ಹಾಸಿಕೊಂಡು ಅದರ ಮೇಲೆ ಆಡುವ ಆಟ ಅದು. ಕೌಶಲವಿದೆ, ಚಪ್ಪಾಳೆಯೂ ಇದೆ. ಕೇಳುವ ಕಿವಿ ಮಾತ್ರ ಆ ವೇದಿಕೆಯ ಮೇಲಿಲ್ಲ. ಹೀಗೆ ನಾನು ಅತ್ಯಂತ ಮೆಚ್ಚಿದ ಬೇಸುಗಳಲ್ಲೊಂದೂ ಅತ್ಯಂತ ಮೆಚ್ಚದ ಬೇಸೂ ಒಬ್ಬನವೇ ಆಗಿವೆ. ವ್ಯಕ್ತಿಗಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವ ಪದ್ಧತಿ ಇಲ್ಲಿಯೇ ಮುರಿದುಬೀಳುತ್ತದೆ. ಕೃತಿಗಳನ್ನು ಒಂದೊಂದಾಗಿ ಕೇಳದೆ ಗತ್ಯಂತರವಿಲ್ಲ.

ಕನಿಷ್ಠನಾರೆಂಬ ಪ್ರಶ್ನೆಗೆ ರೂಢಿಯಾದ ಉತ್ತರ ಬೇರೆ. ಸೆಕ್ಸ್ ಪಿಸ್ಟಲ್ಸ್ ಎಂಬ ಇಂಗ್ಲಿಷ್ ತಂಡಕ್ಕೆ 1977ರಲ್ಲಿ ಸೇರಿ 1979ರಲ್ಲಿ ಮಡಿದ ಸಿಡ್ ವಿಷಸ್ ಎಂಬವನನ್ನು ಎಲ್ಲರೂ ಬೆರಳೆತ್ತಿ ತೋರಿಸುತ್ತಾರೆ. ಅವನಿಗೆ ವಾದನ ಬಾರದೆಂಬುದು ನಿಜ. ಅದಕ್ಕಾಗಿಯೇ ಆ ತಂಡದ 1977ರ ಸಂಪುಟದಲ್ಲಿ ಬೇಸನ್ನು ಬಹುಮಟ್ಟಿಗೆ ಗಿಟಾರ್ ವಾದಕನಾದ ಸ್ಟೀವ್ ಜೋನ್ಸನೇ ನುಡಿಸಿದನು. ನುಡಿಸದೆ ಇದ್ದ ಬೇಸಿಗಾಗಿ ಒಬ್ಬನನ್ನು ಕನಿಷ್ಠನೆನ್ನುವುದು ವಿಚಿತ್ರವಾದ ವಿಮರ್ಶೆ. ಅವನು ವೇಷಧಾರಿ, ವೇಷಕ್ಕೆ ತಕ್ಕ ತೀರ್ಪನ್ನು ಬೇರೆ ಕಡೆ ಕೊಡಬೇಕು. ಬಾರದವನ ದೋಷಕ್ಕಿಂತ, ಬಂದೂ ಕೇಳದವನ ದೋಷವು ವಿಮರ್ಶಕನಿಗೆ ಹೆಚ್ಚು ವಿಚಾರಾರ್ಹ. ಗಟ್ಟಿಯಾಗಿ ನುಡಿಸುವುದನ್ನು ನಾನು ದೋಷಗಳಲ್ಲಿ ಸೇರಿಸುವುದಿಲ್ಲ. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಹೂಡಿದುದು ದೊಡ್ಡ ಸಭೆಗೆ ನಾದವು ಮುಟ್ಟಲೆಂದು, ಗಾಯಕನನ್ನು ಅಡಗಿಸಲೆಂದಲ್ಲ.

ಈ ಎಲ್ಲದರಲ್ಲಿ ನಮ್ಮವರ ಮಾತೇನು ಎಂದು ವಾಚಕರು ಕೇಳಬಹುದು. ಬೆಂಗಳೂರಿನ ರಘು ದೀಕ್ಷಿತರ ತಂಡವು ಶಿಶುನಾಳ ಶರೀಫರ ಪದಗಳನ್ನು ಹಾಡಿದಾಗ, ಏಕತಾರಿಯು ನಿಂತಿದ್ದ ಸ್ಥಾನದಲ್ಲಿ ಬಹುವರುಷ ಗೌರವ್ ವಾಜ್ ಅವರ ಬೇಸು ನಿಂತಿತ್ತು. ಏಕತಾರಿ ಒಂದೇ ನೆಲ. ಬೇಸು ನೆಲವನ್ನು ಸರಿಸುತ್ತದೆ. ಸರಿಸಿದಾಗ ಪದದ ಅರ್ಥವೂ ಸ್ವಲ್ಪ ಸರಿಯುತ್ತದೆಯೇ? ಸರಿಯುತ್ತದೆಂದು ನಾನು ನಂಬುತ್ತೇನೆ. ಶರೀಫರ ಒಗಟು ಕದಲದ ಶ್ರುತಿಯ ಮೇಲೆ ಒಗಟಾಗಿಯೇ ಉಳಿಯುತ್ತದೆ, ಸ್ವರಮೇಳ ಬದಲಾದಂತೆಲ್ಲ ಅದು ಕಥೆಯಾಗಲು ಹೊರಡುತ್ತದೆ. ಇದು ನಷ್ಟವೆಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು ಕುರಿತು ಬರೆಯಬೇಕಾದವರು ಸಾಹಿತ್ಯದ ಅಧ್ಯಾಪಕರೇ.

ಇನ್ನೂ ಹತ್ತಿರದ ಕೆಲಸವೊಂದಿದೆ. ಬೇಸ್ ಗಿಟಾರಿಗೆ ನಮ್ಮ ಜಿಲ್ಲೆಯಲ್ಲಿ ನಿಜವಾದ ನೆಂಟನೊಬ್ಬನುಂಟು; ಸವದತ್ತಿಯ ಎಲ್ಲಮ್ಮನ ಭಕ್ತರ ಚೌಡಿಕೆ. ಒಂದು ಕಡೆ ಚರ್ಮ ಕಟ್ಟಿದ ಕೊಳಗದಂತಹ ಬುರುಡೆ, ಚರ್ಮದ ನಡುವಿನಿಂದ ಹೊರಟ ನರದ ತಂತಿ ಒಂದೇ ಒಂದು. ಅಸುರನ ಮೈಯಿಂದ ಪರಶುರಾಮನು ತಾಯಿಗಾಗಿ ಇದನ್ನು ಮಾಡಿದನೆಂಬ ಐತಿಹ್ಯವಿದೆ. ಮೇಳದಲ್ಲಿ ಶ್ರುತಿ ಹಿಡಿಯುವುದು ತುಂತುಣಿಯ ಕೆಲಸ. ಚೌಡಿಕೆಯಾದರೋ ತಂತಿಯ ಬಿಗಿ ಸಡಿಲಗಳಿಂದ ಏರಿಳಿಯುತ್ತ, ಲಯವನ್ನೂ ಮಂದ್ರವನ್ನೂ ಒಂದೇ ಮೀಟಿನಲ್ಲಿ ಕೊಡುತ್ತದೆ. ಜಾತ್ರೆಯಲ್ಲಿ ಕೇಳಿದವರು ಇಂತಹವಳ ಚೌಡಿಕೆ ಮೇಲು, ಇಂತಹವಳದು ಸಾಲದು ಎಂದು ಇಂದಿಗೂ ವಾದಿಸುತ್ತಾರೆ. ಆದರೆ ನಮ್ಮ ಜಾನಪದ ಸಂಕಲನಗಳು ಬಹುಮಟ್ಟಿಗೆ ಪದ್ಯಭಾಗವನ್ನಷ್ಟೇ ಅಚ್ಚಿಸಿವೆ. ಚೌಡಿಕೆ ಏನು ನುಡಿಯಿತು, ತುಂತುಣಿ ಹಿಡಿದವರಾರು ಎಂಬುದು ಅವುಗಳಲ್ಲಿ ಸಿಕ್ಕುವುದು ಅಪೂರ್ವ. ಮೋಟೌನ್ ಸಂಸ್ಥೆಯು ಜೇಮರ್ಸನನ ಹೆಸರನ್ನು ಸಂಪುಟದ ಹೊದಿಕೆಯ ಮೇಲೆ ಅಚ್ಚುಹಾಕಿದ್ದು 1971ರಲ್ಲಿ, ಮಾರ್ವಿನ್ ಗೇ ಎಂಬ ಗಾಯಕನ ‘ವಾಟ್ಸ್ ಗೋಯಿಂಗ್ ಆನ್’ ಹೊರಬಂದಾಗ. ಅಷ್ಟರಲ್ಲಿ ಅವನ ಉತ್ತಮ ಕೃತಿಗಳು ಬಹುಮಟ್ಟಿಗೆ ಆಗಿಹೋಗಿದ್ದವು. ಖಾನಾಪುರ, ಸವದತ್ತಿ, ಬೈಲಹೊಂಗಲಗಳ ಕಡೆ ಮುಂದೆ ಪದ ಸಂಗ್ರಹಿಸಲು ಹೊರಡುವವರು ಹಾಡಿದವಳ ಹೆಸರಿನೊಡನೆ ಮೇಳದವರೆಲ್ಲರ ಹೆಸರನ್ನೂ ಕೇಳಿ ಬರೆದುಕೊಳ್ಳಲಿ. ಚೌಡಿಕೆಯ ತಂತಿಯನ್ನು ತುಂತುಣಿಯ ಯಾವ ಸ್ವರಕ್ಕೆ ಹೊಂದಿಸಿದರೆಂಬುದನ್ನೂ, ಪದದ ಯಾವ ಮಾತಿನ ಮೇಲೆ ಅದನ್ನು ಬಿಗಿದರು, ಯಾವ ಮಾತಿನ ಮೇಲೆ ಸಡಿಲಿಸಿದರೆಂಬುದನ್ನೂ ಗುರುತು ಹಾಕಿಕೊಳ್ಳಲಿ.