ಸ್ವರವನ್ನು ತಗ್ಗಿಸುವ ಕಲೆ: ಗಿಟಾರಿನ ವಾಲ್ಯೂಮ್ ಪೆಡಲ್ ಕುರಿತು ಒಂದು ವಿಮರ್ಶೆ



ಎಲೆಕ್ಟ್ರಿಕ್ ಗಿಟಾರ್ ನಮ್ಮ ದೇವಾಲಯಗಳ ಗಾಯನವೃಂದವನ್ನು ಸೇರಿದ ಊರುಗಳಲ್ಲೆಲ್ಲ ಅದರ ಬೆನ್ನಿಗೇ ಒಂದು ತಕರಾರೂ ಬಂದು ಸೇರಿದೆ. “ಏನು ಹಾಡಿದರೋ ತಿಳೀಲಿಲ್ಲ ನೋಡ್ರಿ ಫಾದರ್, ಬರೇ ತಂತಿ ಸಪ್ಪಳ” ಎನ್ನುವವರು ಹಿರಿಯರು. “ವಾದ್ಯ ಇಲ್ಲದಿದ್ದರ ಹಾಡಿಗೆ ಜೀವ ಎಲ್ಲಿಂದ ಬರಬೇಕ್ರಿ?” ಎಂದು ಕೇಳುವವರು ತರುಣರು. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರುಗಳಂಥ ಕಡೆ ಕ್ರೈಸ್ತ ಕುಟುಂಬಗಳ ಸಂಖ್ಯೆ ದೊಡ್ಡದಲ್ಲ. ಹಾಡುವ ಕಂಠಗಳೂ ಕೆಲವೇ. ನೂರಾರು ಕಂಠಗಳ ನಡುವೆ ಹದವಾಗಿ ಬೆರೆತುಹೋಗಬಹುದಾದ ಒಂದು ಗಿಟಾರ್, ಇಪ್ಪತ್ತು ಕಂಠಗಳ ಮೇಲೆ ಮೋಡದಂತೆ ಕವಿದುಬಿಡುತ್ತದೆ. ತಮ್ಮ ಧ್ವನಿ ತಮಗೇ ಕೇಳಿಸದಾದಾಗ ವಯಸ್ಸಾದವರು ಮೆಲ್ಲನೆ ಹಾಡುವುದನ್ನೇ ನಿಲ್ಲಿಸಿಬಿಡುತ್ತಾರೆ. ಒಮ್ಮೆ ಮೌನವಾದ ಬೆಂಚನ್ನು ಮತ್ತೆ ಹಾಡಿಸುವುದು ಎಷ್ಟು ಕಷ್ಟವೆಂಬುದನ್ನು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದವರೆಲ್ಲರೂ ಬಲ್ಲರು.

ಈ ತಕರಾರಿನಲ್ಲಿ ಯಾರೂ ಹೆಸರಿಸದ ಒಂದು ಚಿಕ್ಕ ಸಾಧನವಿದೆ. ಗಿಟಾರ್ ವಾದಕನ ಪಾದದಡಿ ಇರುವ ವಾಲ್ಯೂಮ್ ಪೆಡಲ್ ಅದು. ಧ್ವನಿಯನ್ನು ಒರಟಾಗಿಸುವ ಓವರ್‌ಡ್ರೈವ್, ಪ್ರತಿಧ್ವನಿ ಕೊಡುವ ಡಿಲೇ, ಗುಮ್ಮಟದ ಗುಂಗು ತರುವ ರಿವರ್ಬ್, ಇವುಗಳನ್ನೆಲ್ಲ ನಮ್ಮ ಯುವಕರು ಆಸೆಯಿಂದ ಕೊಳ್ಳುತ್ತಾರೆ. ವಾಲ್ಯೂಮ್ ಪೆಡಲ್ ಮಾತ್ರ ಕೊನೆಗೆ ಉಳಿಯುತ್ತದೆ. ಏಕೆಂದರೆ ಅದು ತಾನಾಗಿ ಯಾವ ಹೊಸ ಧ್ವನಿಯನ್ನೂ ಹುಟ್ಟಿಸುವುದಿಲ್ಲ. ಇರುವ ಧ್ವನಿಯನ್ನು ಎಷ್ಟು ಬೇಕೋ ಅಷ್ಟೇ ಹೊರಗೆ ಬಿಡುತ್ತದೆ. ನನ್ನ ದೃಷ್ಟಿಯಲ್ಲಿ ದೇವಾಲಯದಲ್ಲಿ ಗಿಟಾರ್ ನುಡಿಸುವವನು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಸಾಧನ ಇದೇ.

ಕೈಗೂ ಕಿವಿಗೂ ನಡುವಿನ ಅಂತರ

ತಬಲಾ ಬಾರಿಸುವವನ ಬೆರಳಿನ ಬಲ ಎಷ್ಟೋ ಅಷ್ಟೇ ಅದರ ನಾದ. ಪೇಟಿ ಮಾಸ್ತರರ ಬಲಗೈ ಮನೆಗಳ ಮೇಲೆ ಓಡಾಡುತ್ತಿದ್ದರೆ ಎಡಗೈ ತಿದಿಯನ್ನು ಒತ್ತುತ್ತಿರುತ್ತದೆ. ಗಾಯಕನು ದನಿ ಏರಿಸಿದಾಗ ಆ ಎಡಗೈ ತುಸು ಬಿಗಿಯಾಗುತ್ತದೆ, ಇಳಿಸಿದಾಗ ಸಡಿಲವಾಗುತ್ತದೆ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತವನ್ನು ಬಯಲಿನಲ್ಲಿ ಕುಳಿತು ನೋಡಿದ ನಮ್ಮ ಕಡೆಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ನುಡಿಸುವವನ ದೇಹಕ್ಕೂ ನಾದದ ಪ್ರಮಾಣಕ್ಕೂ ಅಲ್ಲಿ ನೇರವಾದ ನಂಟಿದೆ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ನಂಟು ಬಹುಮಟ್ಟಿಗೆ ಕಡಿದುಹೋಗಿದೆ. ತಂತಿಯ ಕೆಳಗಿರುವ ಅಯಸ್ಕಾಂತ ಹಾಗೂ ತಾಮ್ರದ ಸುರುಳಿಗಳು ಕಂಪನವನ್ನು ದುರ್ಬಲವಾದ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಅದನ್ನು ಹಿಗ್ಗಿಸಿ ನಾದವಾಗಿಸುವುದು ದೂರದಲ್ಲಿರುವ ಆಂಪ್ಲಿಫಯರ್. ಹುಡುಗನೊಬ್ಬನ ಎಳೆಯ ಬೆರಳು ಮೃದುವಾಗಿ ಮುಟ್ಟಿದರೂ ದೇವಾಲಯ ತುಂಬಿ ನಡುಗಬಹುದು. ಗಿಟಾರಿನ ಮೇಲೆಯೇ ಧ್ವನಿ ತಗ್ಗಿಸುವ ಗುಂಡಿಯೊಂದು ಇರುತ್ತದೆ, ನಿಜ. ಆದರೆ ಬಲಗೈ ತಂತಿ ಮೀಟುತ್ತಿರುವಾಗ ಅದನ್ನು ತಿರುಗಿಸಲು ಬಿಡುವು ಸಿಗದು. ಕೈಗಳೆರಡೂ ದುಡಿಯುತ್ತಿರುವಾಗ ಉಳಿಯುವುದು ಕಾಲು. ಕಡಿದುಹೋದ ನಂಟನ್ನು ಪೆಡಲ್ ಪಾದದ ಮೂಲಕ ಮತ್ತೆ ಬೆಸೆಯುತ್ತದೆ.

ಇದು ಹೊಸ ಉಪಾಯವೂ ಅಲ್ಲ. ಲಂಡನ್ನಿನ ಸಂತ ಮ್ಯಾಗ್ನಸ್ ದೇವಾಲಯದಲ್ಲಿ 1712ರಲ್ಲಿ ಅಬ್ರಹಾಂ ಜೋರ್ಡನ್ ನಿರ್ಮಿಸಿದ ಆರ್ಗನ್ನಿನ ಒಂದು ಭಾಗದ ಕೊಳವೆಗಳನ್ನು ಪೆಟ್ಟಿಗೆಯೊಳಗೆ ಇರಿಸಲಾಗಿತ್ತು. ಅದರ ಮುಚ್ಚಳವನ್ನು ನುಡಿಸುವವನೇ ತೆರೆದು ಮುಚ್ಚಿ ನಾದವನ್ನು ಉಬ್ಬಿಸಿ ಇಳಿಸಬಹುದಾಗಿತ್ತು. ಮುಂದೆ ಇದು ಆರ್ಗನ್ನುಗಳಲ್ಲಿ ಕಾಲಿನ ಕೆಲಸವಾಯಿತು. ಪ್ಯಾರಿಸಿನ ಅಲೆಕ್ಸಾಂಡರ್ ಡೆಬೇನ್ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಕಾಲಿನಿಂದಲೇ ಗಾಳಿ ತುಂಬಿಸಿಕೊಳ್ಳುತ್ತಿತ್ತು. ಪಾದದ ಒತ್ತಡವೇ ನಾದದ ಏರಿಳಿತವಾಗುವ ಏರ್ಪಾಡೂ ಆ ಬಗೆಯ ವಾದ್ಯದಲ್ಲಿತ್ತು. ನೆಲದ ಮೇಲೆ ಕುಳಿತು ನುಡಿಸುವ ನಮ್ಮವರಿಗಾಗಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು 1875ರಲ್ಲಿ ಕೈಪೇಟಿಯನ್ನು ರೂಪಿಸಿದಾಗ ಪಾದದ ಕೆಲಸ ಎಡಗೈಗೆ ಬಂದಿತು. ಗಿಟಾರಿನ ಕಾಲದಲ್ಲಿ ಅದು ಮತ್ತೆ ಪಾದಕ್ಕೆ ಮರಳಿದೆ.

ರಾಮದುರ್ಗ ನೇಕಾರರ ಊರು. ಕುಣಿಮಗ್ಗದಲ್ಲಿ ಕುಳಿತವನ ಕೈ ಲಾಳಿಯನ್ನು ಓಡಿಸುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕುಣಿಯೊಳಗೆ ಕಾಲು ಹಲಗೆ ತುಳಿದಾಗ ಮಾತ್ರ ಹಾಸಿನ ಎಳೆಗಳು ಬಾಯಿ ತೆರೆದು ಲಾಳಿಗೆ ದಾರಿ ಬಿಡುತ್ತವೆ ಎಂಬುದನ್ನು ಮಗ್ಗದ ಬಳಿ ಬೆಳೆದವರು ಬಲ್ಲರು. ಪೆಡಲ್ ತುಳಿಯುವವನ ಕೆಲಸವೂ ಅದೇ ಜಾತಿಯದು. ಕಾಲು ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ.

ಒಳಗಿನ ಯಂತ್ರ, ಸರಿಯಾದ ಸ್ಥಾನ

ಸಾಮಾನ್ಯ ವಾಲ್ಯೂಮ್ ಪೆಡಲ್ಲಿನ ಒಳಗೆ ಇರುವುದು ಹಳೆಯ ರೇಡಿಯೋದ ಗುಂಡಿಯ ಹಿಂದಿದ್ದಂಥ ಒಂದು ಬದಲಾಗುವ ರೋಧಕ. ಹಿಮ್ಮಡಿ ಒತ್ತಿದರೆ ಧ್ವನಿ ತಗ್ಗುತ್ತದೆ, ಮುಂಗಾಲು ಒತ್ತಿದರೆ ಏರುತ್ತದೆ. ನಮ್ಮ ಕಿವಿ ಲೆಕ್ಕವನ್ನು ನೇರವಾಗಿ ಎಣಿಸುವುದಿಲ್ಲ. ಶಕ್ತಿ ಹತ್ತು ಪಟ್ಟು ಹೆಚ್ಚಿದಾಗ ಧ್ವನಿ ಸುಮಾರು ಎರಡು ಪಟ್ಟಾದಂತೆ ಅದಕ್ಕೆ ತೋರುತ್ತದೆ. ಆದುದರಿಂದಲೇ ಇಂಥ ರೋಧಕಗಳನ್ನು ನಡುದಾರಿಯಲ್ಲಿ ಶೇಕಡಾ 10ರಿಂದ 15ರಷ್ಟು ಸಂಕೇತ ಮಾತ್ರ ದಾಟುವಂತೆ ತಯಾರಿಸುತ್ತಾರೆ. ಆಗ ಪಾದದ ಚಲನೆ ಕಿವಿಗೆ ಸಹಜವಾಗಿ ಕೇಳಿಸುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಒಂದು ಸಂಗತಿಯಿದೆ. ಗಿಟಾರಿನಿಂದ ನೇರವಾಗಿ ಬರುವ ಸಂಕೇತ ಬಲು ದುರ್ಬಲ. ಅದಕ್ಕೆ 250 ಕಿಲೋ ಓಮ್ ಅಥವಾ ಅದಕ್ಕೂ ಹೆಚ್ಚಿನ ರೋಧಕವಿರುವ ಪೆಡಲ್ ಬೇಕು. 25 ಕಿಲೋ ಓಮಿನ ಪೆಡಲ್ಲನ್ನು ಅಲ್ಲಿಟ್ಟರೆ ಧ್ವನಿಯ ಹೊಳಪು ಹೀರಿಹೋಗಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ವಿದ್ಯುತ್ತಿನಿಂದ ನಡೆಯುವ ಬೇರೆ ಪೆಡಲ್ಲುಗಳನ್ನು ದಾಟಿ ಬಲಗೊಂಡ ಸಂಕೇತಕ್ಕೆ ಮಾತ್ರ 25 ಕಿಲೋ ಓಮಿನದು ತಕ್ಕದು. ಒಂದೇ ಹೆಸರಿನ ಪೆಡಲ್ ಎರಡು ಬಗೆಯಲ್ಲಿ ಬರುವುದುಂಟು: ಬಾಸ್ ಕಂಪನಿಯ ಎಫ್‌ವಿ-500ಎಚ್ ಗಿಟಾರಿಗೆಂದು, ಎಫ್‌ವಿ-500ಎಲ್ ಕೀಬೋರ್ಡಿನಂಥ ವಾದ್ಯಗಳಿಗೆಂದು. ಹೆಸರಿನ ಕೊನೆಯ ಒಂದಕ್ಷರ ನೋಡದೆ ಕೊಂಡರೆ ತಪ್ಪು ಗಿಟಾರಿನದೆಂದು ತೋರುತ್ತದೆ.

ಇನ್ನು ಪೆಡಲ್ಲುಗಳ ಸಾಲಿನಲ್ಲಿ ಅದರ ಸ್ಥಾನ. ಓವರ್‌ಡ್ರೈವಿನ ಮೊದಲು ಇಟ್ಟರೆ ಪಾದ ತಗ್ಗಿದಂತೆ ಒರಟುತನ ಕಡಿಮೆಯಾಗಿ ಧ್ವನಿ ತಿಳಿಯಾಗುತ್ತದೆ. ಗಟ್ಟಿತನದಲ್ಲಿ ಹೆಚ್ಚು ವ್ಯತ್ಯಾಸವಾಗದಿರಬಹುದು. ಓವರ್‌ಡ್ರೈವಿನ ನಂತರ ಇಟ್ಟರೆ ಧ್ವನಿಯ ಗುಣ ಹಾಗೆಯೇ ಉಳಿದು ಪ್ರಮಾಣ ಮಾತ್ರ ಏರಿಳಿಯುತ್ತದೆ. ಡಿಲೇ ಮತ್ತು ರಿವರ್ಬುಗಳಿಗಿಂತ ಮುಂಚೆ ಇಟ್ಟರೆ, ಪಾದವನ್ನು ಪೂರ್ತಿ ತಗ್ಗಿಸಿದ ಮೇಲೂ ಹಿಂದಿನ ಸ್ವರದ ಗುಂಗು ತಾನಾಗಿ ಕರಗುವವರೆಗೆ ಉಳಿಯುತ್ತದೆ. ಎಲ್ಲಕ್ಕಿಂತ ಕೊನೆಯಲ್ಲಿ ಇಟ್ಟರೆ ಆ ಗುಂಗೂ ಒಮ್ಮೆಲೇ ಕತ್ತರಿಸಿಹೋಗುತ್ತದೆ. ಆರಾಧನೆಯ ಸಂದರ್ಭಕ್ಕೆ ಓವರ್‌ಡ್ರೈವಿನ ನಂತರ, ಡಿಲೇಯ ಮೊದಲು ಎಂಬ ಸ್ಥಾನವೇ ಸೂಕ್ತ. ಹಾಡು ಮುಗಿದು ಗುರುಗಳು ಪ್ರಾರ್ಥನೆ ಆರಂಭಿಸುವ ಆ ಒಂದೆರಡು ಕ್ಷಣಗಳಲ್ಲಿ ನಾದವು ಬಾಗಿಲು ಬಡಿದಂತೆ ನಿಲ್ಲದೆ, ದೀಪದ ಬತ್ತಿ ಇಳಿಸಿದಂತೆ ಕಡಿಮೆಯಾಗುತ್ತದೆ.

ಮೂರು ಉದಾಹರಣೆಗಳು, ಮೂರು ಪಾಠಗಳು

ದೊಡ್ಡ ವಾದಕರು ಈ ಏರಿಳಿತವನ್ನು ಹೇಗೆ ಬಳಸಿದರೆಂಬುದನ್ನು ನೋಡಿದರೆ ನಮ್ಮ ವಿವೇಚನೆ ಹರಿತವಾದೀತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1965ರ ‘ಐ ನೀಡ್ ಯು’ ಗೀತೆಯಲ್ಲಿ ತಂತಿ ಮೀಟಿದ ಮೊದಲ ಸದ್ದನ್ನು ಮರೆಮಾಡಿ, ಸ್ವರವು ಮೌನದಿಂದ ಅರಳಿ ಬರುವಂತೆ ಮಾಡಿದರು. ಮೀಟಿನ ಸದ್ದು ಹೋದೊಡನೆ ಗಿಟಾರ್ ಪಿಟೀಲಿನ ಸಮೀಪಕ್ಕೆ ಬರುತ್ತದೆ. ಆದರೆ ಅದು ಚಿಕ್ಕ ಗೀತೆ. ಅಲ್ಲಿ ಸಮುದಾಯವು ಜೊತೆಗೂಡಿ ಹಾಡಬೇಕಾಗಿಲ್ಲ.

ಎಡ್ಡಿ ವ್ಯಾನ್ ಹೇಲನ್ 1982ರಲ್ಲಿ ‘ಕೆಥೀಡ್ರಲ್’ ಎಂಬ ಹೆಸರಿನಲ್ಲೇ ಒಂದು ಕಿರುರಚನೆ ನುಡಿಸಿದರು. ಪೆಡಲ್ ಬಳಸದೆ ಗಿಟಾರಿನ ಗುಂಡಿಯನ್ನೇ ಬೆರಳಿನಿಂದ ವೇಗವಾಗಿ ತಿರುಗಿಸುತ್ತ, ಪ್ರತಿಧ್ವನಿಯ ಯಂತ್ರದ ನೆರವಿನಿಂದ ಆರ್ಗನ್ನಿನ ನಾದವನ್ನು ತಂದರು. ಕೌಶಲ ಅದ್ಭುತವೇ ಸರಿ. ಆದರೂ ಕೇಳುವವನ ಗಮನವೆಲ್ಲ ಈತ ಇದನ್ನು ಹೇಗೆ ಮಾಡಿದ ಎಂಬುದರ ಮೇಲೆಯೇ ನಿಲ್ಲುತ್ತದೆ. ಹೆಸರು ಮಹಾದೇವಾಲಯದ್ದಾದರೂ ಆ ರಚನೆಯ ಸ್ಥಾನ ಸಂಗೀತ ಕಛೇರಿಯ ವೇದಿಕೆ.

ಮೂರನೆಯ ಉದಾಹರಣೆ ಇವೆರಡಕ್ಕಿಂತ ಸಾಧಾರಣವಾದುದು, ನಮಗೆ ಹೆಚ್ಚು ಉಪಯುಕ್ತವಾದುದು. ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರು ವಾಲ್ಯೂಮ್ ಪೆಡಲ್ಲನ್ನು ಅರ್ಧದಷ್ಟೇ ತೆರೆದು ಸ್ವರವನ್ನು ಆರಂಭಿಸುತ್ತಾರೆ. ತಂತಿಯ ಕಂಪನ ಕ್ಷೀಣಿಸುತ್ತ ಹೋದಂತೆ ಪಾದವನ್ನು ಸ್ವಲ್ಪ ಸ್ವಲ್ಪವೇ ಮುಂದೊತ್ತುತ್ತಾರೆ. ಹೀಗೆ ಸಾಯಬೇಕಾದ ಸ್ವರ ಒಂದೇ ಸಮನಾಗಿ ನಿಲ್ಲುತ್ತದೆ. ಕೇಳುವವನಿಗೆ ಪೆಡಲ್ ಬಳಸಿದ್ದೇ ತಿಳಿಯುವುದಿಲ್ಲ. ಗಾಯಕನ ದನಿಯ ಅಡಿಯಲ್ಲಿ ಹಾಸಿದ ಚಾಪೆಯಂತೆ ಆ ನಾದ ಇರುತ್ತದೆ.

ನಮ್ಮ ಗಾಯನವೃಂದಗಳಲ್ಲಿ ಕಾಣುವ ದೋಷಗಳು

ಮೊದಲನೆಯದು, ಪೆಡಲ್ಲನ್ನು ಮೋಟಾರ್ ಸೈಕಲ್ಲಿನ ಎಕ್ಸಲರೇಟರಿನಂತೆ ಬಳಸುವುದು. ಪಲ್ಲವಿ ಬಂದೊಡನೆ ಪಾದ ಮುಂದೆ ಹೋಗುತ್ತದೆ, ಹಿಂದಕ್ಕೆ ಬರುವುದನ್ನು ಮರೆಯುತ್ತದೆ. ಕೀಬೋರ್ಡಿನವನು ತಾನೂ ಏರಿಸುತ್ತಾನೆ, ಹಾಡುವವರು ಮೈಕಿಗೆ ಇನ್ನಷ್ಟು ಹತ್ತಿರ ಹೋಗುತ್ತಾರೆ. ಮೂರನೆಯ ಚರಣದ ಹೊತ್ತಿಗೆ ಭಕ್ತಾದಿಗಳು ಪ್ರೇಕ್ಷಕರಾಗಿರುತ್ತಾರೆ.

ಎರಡನೆಯದು, ಅರಳುವ ಸ್ವರದ ಸೊಗಸಿಗೆ ಮರುಳಾಗಿ ಪ್ರತಿ ಸಾಲಿನಲ್ಲೂ ಅದನ್ನೇ ತರುವುದು. ಮೀಟಿನ ಸದ್ದು ಮರೆಯಾದಾಗ ತಾಳದ ಗುರುತೂ ಮಸುಕಾಗುತ್ತದೆ. ಮೊದಲೇ ಎಳೆದು ಹಾಡುವ ಅಭ್ಯಾಸವಿರುವ ನಮ್ಮ ಸಮುದಾಯಕ್ಕೆ ಎಲ್ಲಿ ಹೆಜ್ಜೆ ಇಡಬೇಕೆಂಬುದು ತಿಳಿಯದಾಗುತ್ತದೆ. ಎಲ್ಲರೂ ಹಾಡುವ ಗೀತೆಗೆ ಸ್ಪಷ್ಟವಾದ ಮೀಟೇ ಬೇಕು. ಪರಮಪ್ರಸಾದದ ನಂತರದ ಧ್ಯಾನದಲ್ಲಿ ಅರಳುವ ಸ್ವರ ಹಿತವಾಗಬಹುದು. ಅಲ್ಲಿಯೂ ಕೆಲವೊಮ್ಮೆ ಶುದ್ಧ ಮೌನವೇ ಹೆಚ್ಚು ಹಿತ.

ಮೂರನೆಯದು, ಹಿಮ್ಮಡಿಯ ಕಡೆಯನ್ನು ಬಳಸದಿರುವುದು. 1967ರ ಮಾರ್ಚ್ ತಿಂಗಳಲ್ಲಿ ಹೊರಬಂದ ‘ಮೂಸಿಕಾಂ ಸಾಕ್ರಾಂ’ ಎಂಬ ನಿರ್ದೇಶನವು ವಾದ್ಯಗಳು ಕಂಠಗಳಿಗೆ ಆಸರೆಯಾಗಬೇಕು, ಪದಗಳು ಕೇಳದಂತೆ ಅವುಗಳನ್ನು ಮುಳುಗಿಸಬಾರದು, ಗುರುಗಳು ತಮ್ಮ ಪಾತ್ರಕ್ಕೆ ಸೇರಿದ ಪಠ್ಯವನ್ನು ಗಟ್ಟಿಯಾಗಿ ಹೇಳುವಾಗ ವಾದ್ಯಗಳು ಸುಮ್ಮನಿರಬೇಕು ಎಂದು ತಿಳಿಸುತ್ತದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೇ ಅಧ್ಯಾಯದಲ್ಲಿ ವಾದ್ಯಗಳ ಉದಾಹರಣೆ ಕೊಟ್ಟು, ಅರ್ಥವಾಗದ ನಾದದಿಂದ ಸಭೆಗೆ ಪ್ರಯೋಜನವಿಲ್ಲವೆಂಬ ಮಾತನ್ನೇ ಬೋಧಿಸಿದ್ದಾರೆ. ಆ ಬೋಧನೆಯನ್ನು ಕಾರ್ಯರೂಪಕ್ಕೆ ತರುವ ಸುಲಭ ಉಪಕರಣ ಪಾದದ ಕೆಳಗೇ ಇರುವಾಗ ಬಳಸದಿರುವುದು ತರವೇ?

ಎರಡು ಆಕ್ಷೇಪಗಳು

“ಇಷ್ಟೆಲ್ಲ ತೊಂದರೆ ಏಕೆ, ಗಿಟಾರನ್ನೇ ಹೊರಗಿಟ್ಟು ಪೇಟಿಗೆ ಮರಳೋಣ” ಎನ್ನುವವರಿದ್ದಾರೆ. ಅವರ ನೋವನ್ನು ನಾನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಇಂದು ನಮ್ಮದೇ ಎನಿಸಿರುವ ಪೇಟಿಯೂ ಪ್ಯಾರಿಸಿನಿಂದ ಬಂದ ವಾದ್ಯ. ಆಕಾಶವಾಣಿ 1940ರಲ್ಲಿ ಅದಕ್ಕೆ ಬಾಗಿಲು ಮುಚ್ಚಿತ್ತು. ನಿಷೇಧ ಸಡಿಲವಾದುದು 1971ರಲ್ಲಿ. ನಮ್ಮ ಧರ್ಮಸಭೆಯಲ್ಲೂ ಸಂತ ಹತ್ತನೇ ಪಿಯುಸ್ ಅವರು 1903ರಲ್ಲಿ ದೇವಾಲಯದಲ್ಲಿ ಪಿಯಾನೋ ಹಾಗೂ ಗದ್ದಲದ ವಾದ್ಯಗಳು ಬೇಡವೆಂದಿದ್ದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಕೊಳವೆ ಆರ್ಗನ್ನಿಗೆ ವಿಶೇಷ ಗೌರವ ಕೊಟ್ಟು, ಪವಿತ್ರ ಬಳಕೆಗೆ ಹೊಂದುವ ಇತರ ವಾದ್ಯಗಳಿಗೂ ಆಯಾ ಪ್ರಾಂತ್ಯದ ಅಧಿಕಾರಿಗಳ ಒಪ್ಪಿಗೆಯೊಡನೆ ದಾರಿ ತೆರೆಯಿತು. ಹೊಂದುವಿಕೆ ಎಂಬುದು ವಾದ್ಯದ ಮರದಲ್ಲಾಗಲಿ ತಂತಿಯಲ್ಲಾಗಲಿ ಇಲ್ಲ, ನುಡಿಸುವ ರೀತಿಯಲ್ಲಿದೆ ಎಂದೇ ನಾನು ಅರ್ಥಮಾಡಿಕೊಳ್ಳುತ್ತೇನೆ.

“ಮಿಕ್ಸರ್ ನೋಡಿಕೊಳ್ಳುವವನು ಇದ್ದಾನಲ್ಲ, ಅವನೇ ತಗ್ಗಿಸಲಿ” ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಗೋಡೆಗಳು ಗುಂಯ್‌ಗುಡುವ ಕಾಂಕ್ರೀಟ್ ಕಟ್ಟಡದಲ್ಲಿ ಪೆಡಲ್ ಒಂದೇ ಎಲ್ಲವನ್ನೂ ಸರಿಪಡಿಸಲಾರದು. ಆದರೆ ಮಿಕ್ಸರಿನವನು ಧ್ವನಿ ಹೆಚ್ಚಾದುದನ್ನು ಕೇಳಿದ ಮೇಲೆ ತಗ್ಗಿಸುತ್ತಾನೆ. ಮುಂದಿನ ಸಾಲಿನಲ್ಲಿ ಏನು ಬರಲಿದೆ ಎಂಬುದನ್ನು ನುಡಿಸುವವನು ಮೊದಲೇ ಬಲ್ಲ. ಮೇಲಾಗಿ, ತನ್ನನ್ನು ಇನ್ನೊಬ್ಬರು ತಗ್ಗಿಸಿದಾಗ ಹುಟ್ಟುವುದು ಬೇಸರ. ತಾನೇ ತಗ್ಗಿದಾಗ ಹುಟ್ಟುವುದು ಕಿವಿಗೊಡುವ ಗುಣ.

ಕೊನೆಯದಾಗಿ, ಗಾಯನವೃಂದದ ಮುಖ್ಯಸ್ಥರಿಗೆ ಒಂದು ಸರಳ ಪರೀಕ್ಷೆಯನ್ನು ಸೂಚಿಸುತ್ತೇನೆ. ಅಭ್ಯಾಸದ ದಿನ ಹಿರಿಯರೊಬ್ಬರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ಅವರಿಗೆ ಪರಿಚಯವಿಲ್ಲದ ಗೀತೆಯೊಂದರ ಎರಡನೆಯ ಚರಣವನ್ನು ಹಾಡಿರಿ. ಪ್ರತಿಯೊಂದು ಪದವೂ ಅವರಿಗೆ ತಿಳಿಯುವವರೆಗೆ ಪೆಡಲ್ಲನ್ನು ತಗ್ಗಿಸುತ್ತ ಬನ್ನಿರಿ. ಪಾದ ನಿಂತ ಆ ಜಾಗಕ್ಕೆ ಬಿಳಿಯ ಟೇಪಿನ ತುಂಡೊಂದನ್ನು ಅಂಟಿಸಿರಿ. ಕಂಠಗಳು ಸೊರಗಿದಾಗ ಅದಕ್ಕಿಂತ ಕೆಳಗೆ, ಎಲ್ಲರೂ ತುಂಬುಕಂಠದಿಂದ ಹಾಡಿದಾಗ ಮಾತ್ರ ತುಸು ಮೇಲೆ.

ತಂದೆತಾಯಂದಿರೇ, ನಿಮ್ಮ ಮಗನೋ ಮಗಳೋ ಗಿಟಾರಿಗೆ ಇನ್ನೊಂದು ಪೆಡಲ್ ಬೇಕೆಂದು ಕೇಳಿದಾಗ ಖರ್ಚಿನ ಚಿಂತೆಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿರಿ: ಧ್ವನಿ ತಗ್ಗಿಸುವುದು ನಿನ್ನ ಬಳಿ ಇದೆಯೇ? ಇಲ್ಲವೆಂದರೆ ಮೊದಲು ಅದನ್ನೇ ಕೊಡಿಸಿರಿ. ಕೊಡಿಸಲಾಗದಿದ್ದರೆ ಗಿಟಾರಿನ ಮೇಲಿನ ಗುಂಡಿಯನ್ನು ಹಾಡು ಆರಂಭಿಸುವ ಮುನ್ನವೇ ಅರ್ಧಕ್ಕೆ ಇಳಿಸಿಡಲು ಹೇಳಿರಿ. ಅದಕ್ಕೆ ಒಂದು ಪೈಸೆಯೂ ಬೇಡ. ಮೌನವಾಗಿರುವ ಹಿಂದಿನ ಬೆಂಚು ಮತ್ತೆ ಹಾಡತೊಡಗಿದ ದಿನ ಗಿಟಾರಿನ ಮೇಲಿನ ತಕರಾರೂ ತಾನಾಗಿಯೇ ಕಡಿಮೆಯಾದೀತು.