ಬಾಯಲ್ಲಿ ಹುಟ್ಟಿ ಮಿದುಳಿಗೆ ಅಂಟಿದ್ದು

ಪಿಟ್ಯುಟರಿ ಮಿದುಳಿನ ಗ್ರಂಥಿ ಎಂಬ ಮಾತು ಅದರ ಹಿಂದಿನ ಪಾಲಿಗಷ್ಟೇ ಸಲ್ಲುತ್ತದೆ. ಹಾರ್ಮೋನುಗಳ ಕಣಜವಾದ ಮುಂದಿನ ಪಾಲು ಹುಟ್ಟುವುದು ಬಾಯಲ್ಲಿ! ಭ್ರೂಣಕ್ಕೆ 4 ವಾರ ತುಂಬುವ ಹೊತ್ತಿಗೆ ಬಾಯಿಯಾಗಲಿರುವ ಗುಳಿಯ ಮೇಲ್ಛಾವಣಿ ಪುಟ್ಟ ಚೀಲದಂತೆ ಮೇಲಕ್ಕೆ ಉಬ್ಬುತ್ತದೆ. ಮಿದುಳಿನ ತಳದಿಂದ ಒಂದು ಕುಡಿ ಕೆಳಗಿಳಿದು ಬರುತ್ತದೆ. ಎರಡೂ ತಗುಲಿಕೊಳ್ಳುತ್ತವೆ, ಚೀಲದ ಕುತ್ತಿಗೆ ಸವೆದು, ಬಾಯಿಯ ನಂಟು ಕಡಿದುಹೋಗುತ್ತದೆ. 1838ರಲ್ಲಿ ಇದನ್ನು ವಿವರಿಸಿದ ಮಾರ್ಟಿನ್ ರಾಥ್ಕೆಯ ಹೆಸರೇ ಆ ಚೀಲಕ್ಕೆ ಉಳಿದಿದೆ.

ಆಮೇಲಿನದನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಒಂದೊಂದು ಹಾರ್ಮೋನನ್ನೇ ಹುಡುಕಿ ಹಿಡಿಯುವ ಬಣ್ಣ ಹಾಕಿದರೆ, ಸಪ್ಪೆ ನೀಲಿ ಜೀವಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ಸುಮಾರು 8ನೇ ವಾರಕ್ಕೇ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುವ ಎಸಿಟಿಎಚ್ ಕಾಣಿಸಿಕೊಳ್ಳುತ್ತದೆ. ಬೆಳವಣಿಗೆಯ ಹಾರ್ಮೋನು ಅದರ ಬೆನ್ನಿಗೇ ಬರುತ್ತದೆ. ಥೈರಾಯ್ಡನ್ನೂ ವೃಷಣ, ಅಂಡಾಶಯಗಳನ್ನೂ ಎಚ್ಚರಿಸುವವು 12ರ ಆಸುಪಾಸಿಗೆ ಸೇರಿಕೊಳ್ಳುತ್ತವೆ. ಹಾಲೂಡಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಕೊಂಚ ನಿಧಾನಿ. ಮಿದುಳಿನ ತಳದ ಹೈಪೊಥಲಾಮಸ್‌ನಿಂದ ಅಪ್ಪಣೆ ಹೊತ್ತು ತರುವ ರಕ್ತನಾಳಗಳ ಜಾಲ ಆಗಿನ್ನೂ ಪೂರ್ತಿ ಹೆಣೆದುಕೊಂಡಿರುವುದಿಲ್ಲ ಎಂಬುದು ನೆನಪಿರಲಿ. ಸಾಹುಕಾರ ಬರುವ ಮೊದಲೇ ಅಂಗಡಿ ತೆರೆದು ಕೂತ ಆಳಿನ ಉಮೇದು ಇದು.

ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಬೆಳವಣಿಗೆಯ ಹಾರ್ಮೋನಿನ ದುಂದು. ಗರ್ಭದ ನಡುಗಾಲದಲ್ಲಿ ಭ್ರೂಣದ ರಕ್ತದಲ್ಲಿ ಅದು ವಯಸ್ಕರಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತಡೆಯುವ ಲಗಾಮು ಇನ್ನೂ ಬಿಗಿಯಾಗಿಲ್ಲ. ಹಾಗಾದರೆ ಕೂಸು ಬೆಳೆಯುವುದು ಅದರಿಂದಲೇ? ಬಹುಮಟ್ಟಿಗೆ ಅಲ್ಲ! ಈ ಹಾರ್ಮೋನಿಲ್ಲದೆ ಹುಟ್ಟಿದ ಮಕ್ಕಳ ಉದ್ದವೂ ಸುಮಾರಾಗಿ ಎಲ್ಲರಷ್ಟೇ ಇರುತ್ತದೆ. ಕೊರತೆ ಗೊತ್ತಾಗುವುದು ಆಮೇಲೆ. ಹೊಟ್ಟೆಯೊಳಗಿನ ಬೆಳವಣಿಗೆಯ ಯಜಮಾನಿಕೆ ತಾಯಿಯಿಂದ ಹರಿದುಬರುವ ಪೋಷಣೆಯದು, ಇನ್ಸುಲಿನ್ನಿನದು, ಅದರ ಬಳಗದ್ದು.

ಎಸಿಟಿಎಚ್ ಕಥೆ ಬೇರೆ. ಅದರ ಒಂದು ಹನಿಯೂ ದಂಡವಲ್ಲ. ಅದು ಚುರುಕುಗೊಳಿಸುವ ಭ್ರೂಣದ ಅಡ್ರಿನಲ್ ಗ್ರಂಥಿ ದೇಹದ ಅಳತೆಗೆ ಹೋಲಿಸಿದರೆ ಭಾರಿ ದೊಡ್ಡದು. ಅಲ್ಲಿ ತಯಾರಾದ ಕಚ್ಚಾ ಸಾಮಗ್ರಿಯಿಂದ ಮಾಸು ಈಸ್ಟ್ರಿಯಾಲ್ ಎಂಬ ಹಾರ್ಮೋನು ಮಾಡಿ ತಾಯಿಯ ರಕ್ತಕ್ಕೆ ಬಿಡುತ್ತದೆ. ಸ್ಕ್ಯಾನಿಂಗ್ ಮನೆಮಾತಾಗುವ ಮುಂಚೆ, ಒಳಗಿನ ಕೂಸಿನ ಕ್ಷೇಮ ತಿಳಿಯಲು ವೈದ್ಯರು ಬಸುರಿಯ ಮೂತ್ರದಲ್ಲಿ ಅಳೆಯುತ್ತಿದ್ದುದು ಇದನ್ನೇ.